ಅಪಘಾತ ಪ್ರಕರಣಗಳಲ್ಲಿ ತುರ್ತು ಚಿಕಿತ್ಸೆ, ಎಂ.ಎಲ್.ಸಿ. ದಾಖಲೆ ಹಾಗೂ ಗಾಯದ ಪ್ರಮಾಣಪತ್ರ: ಸಾರ್ವಜನಿಕರಿಗೆ ಮಾಹಿತಿ

ಆಸ್ಪತ್ರೆಯ ತುರ್ತು ಚಿಕಿತ್ಸಾ ವಿಭಾಗದಲ್ಲಿ ಕರ್ತವ್ಯನಿರತ ವೈದ್ಯಾಧಿಕಾರಿಗಳು ಪಾಲಿಸಬೇಕಾದ ಕ್ರಮಗಳು ವೈದ್ಯರಿಗಷ್ಟೇ ಸಂಬಂಧಿಸಿದವು ಎಂಬ ಭಾವನೆ ಸಾರ್ವಜನಿಕರಲ್ಲಿದೆ. ಆದರೆ ಗಾಯದ ಪ್ರಮಾಣಪತ್ರಕ್ಕೆ ಸಂಬಂಧಿಸಿದಂತೆ ನಂತರ ಉದ್ಭವಿಸುವ ಹಲವು ತೊಡಕುಗಳಿಗೆ, ಗಾಯಾಳುವನ್ನು ಕರೆತಂದ ಮೊದಲ ಅರ್ಧ ಗಂಟೆಯಲ್ಲಿ ಹೇಳಿದ ಅಥವಾ ಹೇಳದೆ ಬಿಟ್ಟ ಮಾತೇ ಕಾರಣವಾಗಿರುತ್ತದೆ. ಆದುದರಿಂದ ಸದರಿ ಕ್ರಮಗಳನ್ನು ಇಲ್ಲಿ ವಿವರಿಸಲಾಗಿದೆ.

ಚಿಕಿತ್ಸೆ ಮೊದಲು, ಕಾಗದಪತ್ರ ನಂತರ

ಪೊಲೀಸರು ಬರುವವರೆಗೆ ಗಾಯಾಳುವನ್ನು ಮುಟ್ಟುವಂತಿಲ್ಲ ಎಂಬ ತಪ್ಪು ತಿಳಿವಳಿಕೆ ಇಂದಿಗೂ ಕೆಲವೆಡೆ ಉಳಿದಿದೆ. ಕಾರು ಡಿಕ್ಕಿ ಹೊಡೆದು ಗಾಯಗೊಂಡ ಸ್ಕೂಟರ್ ಸವಾರನೊಬ್ಬನನ್ನು ಸಮೀಪದ ಆಸ್ಪತ್ರೆಗೆ ಕರೆದೊಯ್ದಾಗ, ಇಂತಹ ಪ್ರಕರಣಗಳಿಗೆ ಅಧಿಕಾರವಿರುವ ಆಸ್ಪತ್ರೆ ಬೇರೆ ಇದೆಯೆಂದು ಸುಮಾರು 20 ಕಿಲೋಮೀಟರ್ ದೂರಕ್ಕೆ ಕಳುಹಿಸಲಾಯಿತು. ಆತ ದಾರಿಯಲ್ಲೇ ಮೃತಪಟ್ಟನು. ಈ ಘಟನೆಯ ಪತ್ರಿಕಾ ವರದಿಯನ್ನು ಆಧರಿಸಿದ ಪರಮಾನಂದ ಕಟಾರಾ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು 1989ರಲ್ಲಿ ತೀರ್ಪು ನೀಡಿ, ಸರ್ಕಾರಿ ವೈದ್ಯರಿರಲಿ, ಖಾಸಗಿ ವೈದ್ಯರಿರಲಿ, ಜೀವರಕ್ಷಣೆಯೇ ಅವರ ಮೊದಲ ಕರ್ತವ್ಯವೆಂದೂ, ಯಾವ ಕಾರ್ಯವಿಧಾನವೂ ಅದಕ್ಕೆ ಅಡ್ಡಿಯಾಗಲಾಗದೆಂದೂ ಸ್ಪಷ್ಟಪಡಿಸಿತು. 1988ರ ಮೋಟಾರು ವಾಹನ ಅಧಿನಿಯಮದ 134ನೇ ಕಲಂ ಸಹ ಇದನ್ನೇ ವಿಧಿಸುತ್ತದೆ. ಹಾಸಿಗೆ ಇಲ್ಲವೆಂಬ ಕಾರಣ ನೀಡಿ ಗಾಯಾಳುವನ್ನು ಒಂದು ಸರ್ಕಾರಿ ಆಸ್ಪತ್ರೆಯಿಂದ ಇನ್ನೊಂದಕ್ಕೆ ಅಲೆಸಿದ ಪಶ್ಚಿಮ ಬಂಗಾಳದ ಪ್ರಕರಣದಲ್ಲಿ ಅದೇ ನ್ಯಾಯಾಲಯವು 1996ರಲ್ಲಿ ₹25,000 ಪರಿಹಾರ ನೀಡಲು ಆದೇಶಿಸಿತು. ಸೌಲಭ್ಯವಿಲ್ಲದಿದ್ದಲ್ಲಿ ಬೇರೆಡೆಗೆ ಕಳುಹಿಸಬಹುದು. ಆದರೆ ಉಸಿರಾಟ ಹಾಗೂ ರಕ್ತಸ್ರಾವವನ್ನು ಹತೋಟಿಗೆ ತಂದ ನಂತರವೇ, ಚೀಟಿಯಲ್ಲಿ ಕಾರಣ ನಮೂದಿಸಿ ಕಳುಹಿಸಬೇಕು.

ತಡವಾಗಿ ಬಂದವರನ್ನು ಮೊದಲು ನೋಡಿದರೆಂಬ ದೂರು ಆಗಾಗ್ಗೆ ಬರುತ್ತದೆ. ತುರ್ತು ವಿಭಾಗದಲ್ಲಿ ಸರದಿಯು ಬಂದ ಸಮಯದಿಂದಲ್ಲ, ಪ್ರಾಣಾಪಾಯದ ಪ್ರಮಾಣದಿಂದ ನಿರ್ಧಾರವಾಗುತ್ತದೆ. ಕೆಂಪು ಗುರುತಿನವರಿಗೆ ತಕ್ಷಣ, ಹಳದಿಯವರಿಗೆ ಅದರ ನಂತರ, ಹಸಿರಿನವರಿಗೆ ಕೊನೆಯಲ್ಲಿ ಚಿಕಿತ್ಸೆ. ಜೋರಾಗಿ ಕೂಗುತ್ತಿರುವ ಗಾಯಾಳುವಿಗೆ ಉಸಿರಾಟದ ದಾರಿಯಾದರೂ ತೆರೆದಿದೆ. ಸದ್ದಿಲ್ಲದೆ ಮಲಗಿರುವವರ ಬಗ್ಗೆಯೇ ವೈದ್ಯರಿಗೆ ಹೆಚ್ಚಿನ ಆತಂಕವಿರುತ್ತದೆ.

ಎಂ.ಎಲ್.ಸಿ. ವಹಿಯ ನಮೂದು

ರಸ್ತೆ ಅಪಘಾತ, ಹಲ್ಲೆ, ಸುಟ್ಟಗಾಯ, ವಿಷಪ್ರಾಶನ, ಲೈಂಗಿಕ ದೌರ್ಜನ್ಯ ಮುಂತಾದ ಪ್ರಕರಣಗಳನ್ನು ವೈದ್ಯಾಧಿಕಾರಿಯು ಎಂ.ಎಲ್.ಸಿ. ವಹಿಯಲ್ಲಿ ನೋಂದಾಯಿಸಿ ಪೊಲೀಸ್ ಠಾಣೆಗೆ ಮಾಹಿತಿ ಕಳುಹಿಸುತ್ತಾರೆ. ಇದಕ್ಕೆ ಗಾಯಾಳುವಿನ ಒಪ್ಪಿಗೆ ಬೇಕಿಲ್ಲ. "ಕೇಸು ಬೇಡ ಸ್ವಾಮಿ" ಎಂದು ಸಂಬಂಧಿಕರು ಕೋರಿದ ಮಾತ್ರಕ್ಕೆ ನೋಂದಣಿಯನ್ನು ಕೈಬಿಡಲು ಬರುವುದಿಲ್ಲ.

ವಹಿಯಲ್ಲಿ ಬಂದ ದಿನಾಂಕ, ಸಮಯ, ಕರೆತಂದವರು, ಗುರುತಿನ ಮಚ್ಚೆಗಳು, ಘಟನೆಯ ವಿವರ, ಪ್ರತಿ ಗಾಯದ ಸ್ಥಳ ಹಾಗೂ ಅಳತೆ ಇರಬೇಕು. ಇವುಗಳಲ್ಲಿ ಘಟನೆಯ ವಿವರವೇ ಅತ್ಯಂತ ಮುಖ್ಯ. ಪೊಲೀಸರ ಭಯದಿಂದಲೋ, ಪರವಾನಗಿ ಇಲ್ಲದ ಸವಾರನನ್ನು ಉಳಿಸುವ ಸಲುವಾಗಿಯೋ ಕೆಲವರು "ಮನೆಯ ಮೆಟ್ಟಿಲಿನಿಂದ ಬಿದ್ದರು" ಎಂದು ಬರೆಸಿ, ವಾರದ ನಂತರ ವಾಹನ ಡಿಕ್ಕಿ ಹೊಡೆದದ್ದೆಂದು ತಿದ್ದುಪಡಿ ಕೋರುತ್ತಾರೆ. ಲೆಕ್ಕಪುಸ್ತಕದಲ್ಲಿ ಅಳಿಸಿ ಬರೆಯುವುದು ಹೇಗೆ ಸಲ್ಲದೋ ಈ ವಹಿಯಲ್ಲೂ ಹಾಗೆಯೇ. ಪರಿಹಾರದ ದಾವೆಯಲ್ಲಿ ಎದುರು ಪಕ್ಷದ ವಕೀಲರು ಮೊದಲು ತೋರಿಸುವುದು ಆ ನಮೂದನ್ನೇ; ಮನೆಗೆ ದುಡಿದು ಹಾಕುತ್ತಿದ್ದ ವ್ಯಕ್ತಿ ಅಂಗವಿಕಲರಾದ ಕುಟುಂಬಕ್ಕೆ ಆ ಒಂದು ಸಾಲಿನಿಂದಾಗುವ ನಷ್ಟ ಸಣ್ಣದಲ್ಲ. ನಡೆದದ್ದನ್ನು ನಡೆದಂತೆಯೇ ಹೇಳತಕ್ಕದ್ದು. ಗೊತ್ತಿಲ್ಲದಿದ್ದಲ್ಲಿ ಗೊತ್ತಿಲ್ಲವೆಂದು ಬರೆಸತಕ್ಕದ್ದು. ರಕ್ತದ ಕಲೆಯಿರುವ ಬಟ್ಟೆಗಳನ್ನು ಮನೆಗೊಯ್ದು ಒಗೆಯಬಾರದು. ವಿಷಪ್ರಾಶನವಾಗಿದ್ದಲ್ಲಿ ಡಬ್ಬಿ ಅಥವಾ ಪೊಟ್ಟಣವನ್ನು ಜೊತೆಯಲ್ಲೇ ತರುವುದು.

ದಾರಿಹೋಕರು ಗಾಯಾಳುವನ್ನು ಕರೆತಂದಿದ್ದಲ್ಲಿ ತಮ್ಮ ಹೆಸರು, ವಿಳಾಸ ತಿಳಿಸುವಂತೆ ಅವರನ್ನು ಒತ್ತಾಯಿಸುವಂತಿಲ್ಲ. 2019ರ ತಿದ್ದುಪಡಿಯ ಮೂಲಕ ಸೇರಿದ 134ಎ ಕಲಂ ಅವರಿಗೆ ರಕ್ಷಣೆ ನೀಡಿದೆ. ಲೈಂಗಿಕ ದೌರ್ಜನ್ಯ ಹಾಗೂ ಆಸಿಡ್ ದಾಳಿಗೆ ತುತ್ತಾದವರಿಗೆ ಎಲ್ಲ ಆಸ್ಪತ್ರೆಗಳೂ ತಕ್ಷಣ ಉಚಿತ ಚಿಕಿತ್ಸೆ ನೀಡತಕ್ಕದ್ದು. ಇದನ್ನು ನಿರಾಕರಿಸಿದಲ್ಲಿ ಭಾರತೀಯ ನ್ಯಾಯ ಸಂಹಿತೆಯ 200ನೇ ಕಲಂ ಅನ್ವಯ ಒಂದು ವರ್ಷದವರೆಗೆ ಕಾರಾವಾಸ ಅಥವಾ ದಂಡ ಅಥವಾ ಎರಡನ್ನೂ ವಿಧಿಸಬಹುದು.

ರಸ್ತೆ ಅಪಘಾತದ ಗಾಯಾಳುಗಳಿಗೆ 2025ರ ಮೇ ತಿಂಗಳಲ್ಲಿ ಅಧಿಸೂಚಿಸಲಾದ ಕೇಂದ್ರದ ನಗದುರಹಿತ ಚಿಕಿತ್ಸಾ ಯೋಜನೆಯಡಿ, ಗೊತ್ತುಪಡಿಸಿದ ಆಸ್ಪತ್ರೆಗಳಲ್ಲಿ ಅಪಘಾತದ ದಿನದಿಂದ ಏಳು ದಿನಗಳವರೆಗೆ ₹1.5 ಲಕ್ಷದ ಮಿತಿಯಲ್ಲಿ ಚಿಕಿತ್ಸೆ ದೊರೆಯುತ್ತದೆ. ದಾಖಲಿಸುವಾಗಲೇ ಇದನ್ನು ವಿಚಾರಿಸುವುದು ಸೂಕ್ತ.

ಗಾಯದ ಪ್ರಮಾಣಪತ್ರ

ಗಾಯವು ಸಾಮಾನ್ಯವೋ ತೀವ್ರವೋ ಎಂಬುದನ್ನು ವೈದ್ಯರು ತಮ್ಮ ಅನಿಸಿಕೆಯಂತೆ ಬರೆಯುವುದಿಲ್ಲ. ಕಾನೂನಿನ ವ್ಯಾಖ್ಯೆಯಂತೆ ಬರೆಯುತ್ತಾರೆ. ಮೂಳೆ ಅಥವಾ ಹಲ್ಲು ಮುರಿದಿದ್ದರೆ ಅದು ತೀವ್ರ ಗಾಯ. ತೀವ್ರ ನೋವನ್ನು ಅನುಭವಿಸಿದ ಅಥವಾ ದೈನಂದಿನ ಕೆಲಸ ಮಾಡಲಾಗದ ಅವಧಿಯು ಹಿಂದಿನ ದಂಡ ಸಂಹಿತೆಯಲ್ಲಿ 20 ದಿನಗಳಿತ್ತು. 2024ರ ಜುಲೈ 1ರಿಂದ ಜಾರಿಯಲ್ಲಿರುವ ನ್ಯಾಯ ಸಂಹಿತೆಯ 116ನೇ ಕಲಂನಲ್ಲಿ 15 ದಿನಗಳಾಗಿದೆ. ಕ್ಷ-ಕಿರಣ ವರದಿ ಬಾರದೆ ಅಂತಿಮ ಅಭಿಪ್ರಾಯ ನೀಡಲಾಗದು. ವಿಳಂಬಕ್ಕೆ ಇದೂ ಒಂದು ಕಾರಣವಾಗಿರುತ್ತದೆ.

ಈ ಪ್ರಮಾಣಪತ್ರವನ್ನು ಸಾಮಾನ್ಯವಾಗಿ ತನಿಖಾಧಿಕಾರಿಯ ಕೋರಿಕೆಯ ಮೇರೆಗೆ ಅವರಿಗೇ ನೀಡಲಾಗುತ್ತದೆ. ಗಾಯಾಳುವಿಗೆ ಬಿಡುಗಡೆ ಸಾರಾಂಶ ಹಾಗೂ ಚಿಕಿತ್ಸಾ ದಾಖಲೆಗಳ ಪ್ರತಿ ದೊರೆಯುತ್ತದೆ. ಆದುದರಿಂದ ಪ್ರಮಾಣಪತ್ರಕ್ಕಾಗಿ ಆಸ್ಪತ್ರೆಗೆ ಪದೇ ಪದೇ ಅಲೆಯುವ ಮೊದಲು, ಕೋರಿಕೆ ಪತ್ರವು ಠಾಣೆಯಿಂದ ಹೊರಟಿದೆಯೇ ಎಂಬುದನ್ನು ಖಚಿತಪಡಿಸಿಕೊಳ್ಳಬೇಕು. ದಾಖಲೆಗಳ ಪ್ರತಿ ಕೋರುವ ಅರ್ಜಿಯಲ್ಲಿ ಗಾಯಾಳುವಿನ ಹೆಸರು, ಎಂ.ಎಲ್.ಸಿ. ಸಂಖ್ಯೆ, ಒಳರೋಗಿ ಸಂಖ್ಯೆ ಹಾಗೂ ಠಾಣೆಯ ಅಪರಾಧ ಸಂಖ್ಯೆಯನ್ನು ನಮೂದಿಸಬೇಕು. ಸಂಖ್ಯೆಗಳು ತಿಳಿಯದಿದ್ದಲ್ಲಿ ಆಸ್ಪತ್ರೆಗೆ ಕರೆತಂದ ದಿನಾಂಕ ಹಾಗೂ ಅಂದಾಜು ಸಮಯ ಬರೆದರೂ ವಹಿಯಲ್ಲಿ ಹುಡುಕಲು ಸಾಧ್ಯವಾಗುತ್ತದೆ.