ಹಕ್ಕುಪತ್ರದಲ್ಲಿ ಕಾಣದ ಒಡೆತನ: ಇಂಡೊನೇಷ್ಯಾದ ಹಳ್ಳಿಯಲ್ಲಿ ಬದುಕು ಮತ್ತು ಭೂಮಿ

ಇಂಡೊನೇಷ್ಯಾದ ಹಳ್ಳಿಯೊಂದರಲ್ಲಿ ಒಂದು ತುಂಡು ನೆಲ ಯಾರದೆಂದು ತಿಳಿಯಲು ಭೂದಾಖಲೆಯ ಕಡತವೊಂದನ್ನೇ ನೋಡಿದರೆ ಸಾಲದು. ಅದಕ್ಕೆ ನೀರು ಹಾಯಿಸುವ ರೈತಸಂಘ, ಅದರ ಮೇಲೆ ಊರಿಗೂ ದೇವಾಲಯಕ್ಕೂ ಸಲ್ಲಬೇಕಾದ ಸೇವೆ, ಮನೆತನದ ಉತ್ತರಾಧಿಕಾರದ ಕಟ್ಟಳೆ ಮತ್ತು ರಾಷ್ಟ್ರದ ಕಾನೂನು ಇವೆಲ್ಲವೂ ಆ ನೆಲದ ಮೇಲೆ ಪದರ ಪದರವಾಗಿ ಕುಳಿತಿರುತ್ತವೆ. ಬಾಲಿಯ ಹಸಿರು ಗದ್ದೆಗಳ ನಡುವೆ ಮನೆ ಕೊಳ್ಳಿರೆಂದು ಕರೆಯುವ ಜಾಹೀರಾತುಗಳು ಇವುಗಳಲ್ಲಿ ಮೇಲಿನ ಒಂದು ಪದರವನ್ನಷ್ಟೇ ತೋರಿಸುತ್ತವೆ. ಹಳ್ಳಿಯ ಆಸ್ತಿಗೆ ಮುಂದೆ ಎಂಥ ಬೆಲೆ ಬರಬಹುದು ಮತ್ತು ಆ ಬೆಲೆಯಿಂದ ಹಳ್ಳಿಗರ ಬದುಕಿಗೆ ಏನಾದೀತು ಎಂಬುದು ಉಳಿದ ಪದರಗಳನ್ನು ಅರಿತಾಗ ಮಾತ್ರ ಸ್ಪಷ್ಟವಾಗುತ್ತದೆ.

ಊರಿನ ಆಡಳಿತ, ಸಣ್ಣ ಹಿಡುವಳಿ

ದೇಶದಲ್ಲಿ ಸುಮಾರು 75 ಸಾವಿರ ಹಳ್ಳಿಗಳಿದ್ದು, ಅವುಗಳನ್ನು ಸಾಮಾನ್ಯವಾಗಿ ‘ದೆಸಾ’ ಎಂದು ಕರೆಯುತ್ತಾರೆ. ಊರಿನವರೇ ಮತ ಹಾಕಿ ಆರಿಸುವ ಮುಖ್ಯಸ್ಥನು ‘ಕೆಪಾಲಾ ದೆಸಾ’; ಬಾಲಿಯಲ್ಲಿ ಅವನಿಗೆ ‘ಪೆರ್ಬೆಕೆಲ್’ ಎಂಬ ಹೆಸರು. 2014ರ ಗ್ರಾಮ ಕಾಯ್ದೆಯು ಹಳ್ಳಿಗಳಿಗೆ ತಮ್ಮ ಕೆಲಸಗಳನ್ನು ತಾವೇ ಯೋಜಿಸಿಕೊಳ್ಳುವ ಅಧಿಕಾರ ನೀಡಿತು. ಮರುವರ್ಷದಿಂದ ‘ದಾನಾ ದೆಸಾ’ ಎಂಬ ಗ್ರಾಮನಿಧಿಯು ರಾಷ್ಟ್ರೀಯ ಬಜೆಟ್‌ನಿಂದ ಹಳ್ಳಿಗಳಿಗೆ ಬರತೊಡಗಿ, ಮೊದಲ ವರ್ಷ ಸುಮಾರು 20 ಲಕ್ಷ ಕೋಟಿ ರುಪಿಯಾ ಇದ್ದದ್ದು 2024ರ ವೇಳೆಗೆ 70 ಲಕ್ಷ ಕೋಟಿ ರುಪಿಯಾದ ಆಸುಪಾಸಿಗೆ ಏರಿತ್ತು. ಕಾಲುವೆ, ಕಾಲುದಾರಿ, ಸಣ್ಣ ಸೇತುವೆ, ಕುಡಿಯುವ ನೀರಿನ ಕೊಳವೆ ಮುಂತಾದ ಕೆಲಸಗಳು ಈ ಹಣದಿಂದ ನಡೆದಿವೆ. ಮುಖ್ಯಸ್ಥನ ಕೈಗೆ ಹಣ ಬಂದಂತೆ ಆ ಹುದ್ದೆಯ ಮೇಲಿನ ಪೈಪೋಟಿಯೂ ಹೆಚ್ಚಿತು. 2024ರ ತಿದ್ದುಪಡಿಯು ಅವನ ಅವಧಿಯನ್ನು ಆರು ವರ್ಷಗಳಿಂದ ಎಂಟಕ್ಕೆ ಏರಿಸಿತು.

ಇಷ್ಟಾದರೂ ಹಳ್ಳಿಯ ಬದುಕಿನ ಮೂಲ ಇಕ್ಕಟ್ಟು ಭೂಮಿಯ ಅಳತೆಯಲ್ಲಿದೆ. ಅರ್ಧ ಹೆಕ್ಟೇರಿಗಿಂತ, ಅಂದರೆ ಸುಮಾರು ಒಂದೂಕಾಲು ಎಕರೆಗಿಂತ, ಕಡಿಮೆ ನೆಲ ಉಳುವವರನ್ನು ಅಲ್ಲಿ ‘ಪೆತಾನಿ ಗುರೆಮ್’ ಎನ್ನುತ್ತಾರೆ. 2013ರ ಕೃಷಿಗಣತಿಯಲ್ಲಿ ಇಂಥ ಕುಟುಂಬಗಳು ಸುಮಾರು 1.42 ಕೋಟಿ ಇದ್ದು, 2023ರ ಗಣತಿಯ ವೇಳೆಗೆ ಸುಮಾರು 1.69 ಕೋಟಿಗೆ ಏರಿದ್ದವು. ಜಾವಾದಲ್ಲಿ ಗದ್ದೆಯಿಲ್ಲದವರು ಉಳ್ಳವರ ಗದ್ದೆಯನ್ನು ‘ಮಾರೊ’ ಪದ್ಧತಿಯಲ್ಲಿ, ಅಂದರೆ ಬೆಳೆಯನ್ನು ಅರ್ಧರ್ಧ ಹಂಚಿಕೊಳ್ಳುವ ಕೋರಿನ ಮೇಲೆ, ಸಾಗುವಳಿ ಮಾಡುತ್ತಾರೆ. ಮದುವೆ, ಕಾಯಿಲೆ, ಓದಿನ ಖರ್ಚು ಎದುರಾದಾಗ ನೆಲವನ್ನು ‘ಗಾದೈ’, ಎಂದರೆ ಭೋಗ್ಯಕ್ಕೆ, ಹಾಕುವುದೂ ಉಂಟು. ಸಾಲ ಕೊಟ್ಟವನು ಫಸಲನ್ನು ಎಷ್ಟೋ ವರ್ಷ ಉಂಡ ಮೇಲೂ ಅಸಲಿಗಾಗಿ ಪೀಡಿಸುವುದನ್ನು ತಡೆಯಲು 1960ರ ಕಾನೂನೊಂದು ಏಳು ವರ್ಷ ತುಂಬಿದ ಭೋಗ್ಯದ ನೆಲವನ್ನು ಹಣ ಕೇಳದೆ ಹಿಂದಿರುಗಿಸಬೇಕೆಂದು ವಿಧಿಸಿತಾದರೂ, ಇಂಥ ವ್ಯವಹಾರಗಳು ಪರಿಚಿತರೊಳಗೆ ಬಾಯಿಮಾತಿನಲ್ಲೇ ನಡೆಯುವುದರಿಂದ ಆ ನಿಯಮಕ್ಕಿಂತ ಊರ ರೂಢಿಯದೇ ಬಲ ಹೆಚ್ಚು.

ಸಣ್ಣ ಹಿಡುವಳಿಯು ಸಂಸಾರ ಸಾಕುವುದಿಲ್ಲವಾದ್ದರಿಂದ ಯುವಜನರು ಕಾರ್ಖಾನೆಗೆ, ನಗರಕ್ಕೆ ಅಥವಾ ಕಡಲಾಚೆಗೆ ದುಡಿಮೆಗೆ ಹೋಗುತ್ತಾರೆ. ಪೂರ್ವ ಜಾವಾದ ಪೊನೊರೊಗೊ, ಪಶ್ಚಿಮ ಜಾವಾದ ಇಂದ್ರಮಾಯು, ಲೊಂಬೊಕ್ ದ್ವೀಪದ ಪೂರ್ವಭಾಗ ಮುಂತಾದ ಸೀಮೆಗಳಿಂದ ಮಲೇಷ್ಯಾ, ತೈವಾನ್, ಹಾಂಗ್‌ಕಾಂಗ್‌ಗಳಿಗೆ ಹೋದವರು, ಅವರಲ್ಲಿಯೂ ಮನೆಗೆಲಸಕ್ಕೆ ಹೋದ ಹೆಣ್ಣುಮಕ್ಕಳು, ಕಳುಹಿಸುವ ಹಣವು ಊರಿನಲ್ಲಿ ಹೆಂಚಿನ ನೆಲಹಾಸಿನ ಮನೆಯಾಗಿ, ಕೆಲವೊಮ್ಮೆ ಒಂದಿಷ್ಟು ಗದ್ದೆಯಾಗಿ ರೂಪಾಂತರಗೊಳ್ಳುತ್ತದೆ.

ಕಾನೂನಿನ ಪದರ

ಡಚ್ಚರು 1870ರ ಕೃಷಿಭೂಮಿ ಶಾಸನದ ಜೊತೆಯಲ್ಲೇ ಒಡೆತನ ರುಜುವಾಗದ ನೆಲವೆಲ್ಲವೂ ಸರ್ಕಾರದ್ದೆಂದು ಘೋಷಿಸಿದ್ದರು. ರೂಢಿಯ ಮೇಲೆ ನಿಂತ ಹಳ್ಳಿಯ ಹಕ್ಕುಗಳಿಗೆ ಇದರಿಂದ ಪೆಟ್ಟು ಬಿತ್ತು. ಸ್ವತಂತ್ರ ಇಂಡೊನೇಷ್ಯಾ 1960ರ ಸೆಪ್ಟೆಂಬರ್ 24ರಂದು ಮೂಲ ಭೂಕಾಯ್ದೆಯನ್ನು ಜಾರಿಗೆ ತಂದು, ‘ಅದಾತ್’ ಎಂಬ ಸಾಂಪ್ರದಾಯಿಕ ಕಟ್ಟಳೆಯೇ ಭೂಕಾನೂನಿಗೆ ಆಧಾರವೆಂದು ಸಾರಿತು. ಈ ಕಾಯ್ದೆಯಲ್ಲಿ ‘ಹಕ್ ಮಿಲಿಕ್’ ಎಂಬ ಪೂರ್ಣ ಒಡೆತನವು ಕಾಲಮಿತಿಯಿಲ್ಲದ, ವಂಶಕ್ಕೆ ಸಾಗುವ ಹಕ್ಕು. ಕೆಲವು ನಿಗದಿತ ಸಂಸ್ಥೆಗಳನ್ನು ಬಿಟ್ಟರೆ ಅದು ಇಂಡೊನೇಷ್ಯಾದ ಪ್ರಜೆಗಳಿಗೆ ಮಾತ್ರ ಸಲ್ಲುತ್ತದೆ. ‘ಹಕ್ ಗುನಾ ಬಾಂಗುನಾನ್’ ಬೇರೆಯವರ ಅಥವಾ ಸರ್ಕಾರದ ನೆಲದಲ್ಲಿ ಕಟ್ಟಡ ಕಟ್ಟಿ ಇಟ್ಟುಕೊಳ್ಳುವ ಹಕ್ಕು. ‘ಹಕ್ ಪಾಕೈ’ ನೆಲವನ್ನು ಬಳಸಿಕೊಳ್ಳುವ ಹಕ್ಕು.

ಹಳ್ಳಿಗರಲ್ಲಿ ಬಹುಜನರ ಕೈಯಲ್ಲಿ ಬಹುಕಾಲ ಇದ್ದದ್ದು ಈ ಯಾವ ಹಕ್ಕುಪತ್ರವೂ ಅಲ್ಲ, ‘ಗಿರಿಕ್’ ಅಥವಾ ‘ಪೆತೊಕ್’ ಎಂಬ ಹಳೆಯ ಕಂದಾಯದ ಚೀಟಿ. ತೆರಿಗೆ ಕಟ್ಟಿದ್ದಕ್ಕೆ ಅದು ಸಾಕ್ಷಿಯೇ ಹೊರತು ಒಡೆತನಕ್ಕೆ ಪೂರ್ಣ ರುಜುವಾತಲ್ಲ. ಹಾಗಿದ್ದರೂ ಊರಿನ ಕಚೇರಿಯ ‘ಲೆತೆರ್ ಸೆ’ ಎಂಬ ಪುಸ್ತಕದಲ್ಲಿ ಹೆಸರಿದ್ದರೆ, ಅಕ್ಕಪಕ್ಕದ ಗದ್ದೆಯವರು ಗಡಿಯನ್ನು ಒಪ್ಪಿದರೆ ನೆಲ ಕೈಯಿಂದ ಕೈಗೆ ಹೋಗುತ್ತಿತ್ತು. 2017ರಲ್ಲಿ ಆರಂಭವಾದ ಸಮಗ್ರ ಭೂನೋಂದಣಿ ಯೋಜನೆಯು ದೇಶದ ಅಂದಾಜು 12.6 ಕೋಟಿ ತುಂಡುಗಳನ್ನೂ ಹಳ್ಳಿ ಹಳ್ಳಿಯಾಗಿ ಅಳೆದು ಪ್ರಮಾಣಪತ್ರ ನೀಡುವ ಗುರಿ ಹೊಂದಿದೆ; 2021ರ ಸರ್ಕಾರಿ ನಿಯಮವು ಹಳೆಯ ಚೀಟಿಗಳನ್ನು ಹೊಂದಿದವರಿಗೆ ನೋಂದಣಿಗೆ ಐದು ವರ್ಷಗಳ ಗಡುವನ್ನೂ ಕೊಟ್ಟಿತು. ಪ್ರಮಾಣಪತ್ರದಿಂದ ಬ್ಯಾಂಕಿನ ಸಾಲ ಸುಲಭವಾಗುತ್ತದೆ, ವ್ಯಾಜ್ಯ ಕಡಿಮೆಯಾಗುತ್ತದೆ. ಅದೇ ಕಾಗದವು ನೆಲವನ್ನು ಹೊರಗಿನವರು ಸಲೀಸಾಗಿ ಕೊಳ್ಳಬಲ್ಲ ಸರಕನ್ನಾಗಿಯೂ ಮಾಡುತ್ತದೆ. ಕಟ್ಟಳೆಯ ಭದ್ರತೆ ಸಡಿಲವಾದ ಮೇಲೆ ನೆಲವನ್ನು ಉಳಿಸಿಕೊಳ್ಳುವ ಹೊಣೆ ಒಂಟಿ ಕುಟುಂಬದ ಮೇಲೆ ಬೀಳುತ್ತದೆ.

ಬಾಲಿಯ ಎರಡು ಹಳ್ಳಿಗಳು

ಬಾಲಿಯಲ್ಲಿ ಒಂದೇ ಜಾಗದಲ್ಲಿ ಎರಡು ಹಳ್ಳಿಗಳು ಇರುತ್ತವೆ: ಗುರುತಿನ ಚೀಟಿ, ನಿಧಿ, ಅಭಿವೃದ್ಧಿ ಕೆಲಸಗಳನ್ನು ನೋಡಿಕೊಳ್ಳುವುದು ಸರ್ಕಾರಿ ಹಳ್ಳಿ, ದೇವಾಲಯ, ಉತ್ಸವ, ಶವಸಂಸ್ಕಾರ, ಊರ ಭೂಮಿಗಳನ್ನು ನೋಡಿಕೊಳ್ಳುವುದು ‘ದೆಸಾ ಅದಾತ್’ ಎಂಬ ಸಾಂಪ್ರದಾಯಿಕ ಹಳ್ಳಿ. ಈ ಎರಡನೆಯದಕ್ಕೆ ‘ಅವಿಗ್ ಅವಿಗ್’ ಎಂಬ ತನ್ನದೇ ಕಟ್ಟಳೆಗಳಿವೆ, ‘ಬೆಂದೆಸಾ’ ಎಂಬ ಯಜಮಾನನಿದ್ದಾನೆ, ‘ಬಂಜಾರ್’ ಎಂಬ ಕೇರಿಕೂಟಗಳಿವೆ. ಮನೆ ನಿಂತ ಎಷ್ಟೋ ನಿವೇಶನಗಳು ಈ ಹಳ್ಳಿಗೆ ಸೇರಿದವು. ಅಲ್ಲಿ ವಾಸಿಸುವ ಕುಟುಂಬವು ಉತ್ಸವಗಳಲ್ಲಿ ದುಡಿಯುವ, ವಂತಿಗೆ ಕೊಡುವ ಋಣ ಹೊತ್ತಿರುವುದರಿಂದ ಅಂಥ ನಿವೇಶನವನ್ನು ಹೊರಗಿನವರಿಗೆ ಮಾರುವಂತಿಲ್ಲ. ಪಶ್ಚಿಮ ಸುಮಾತ್ರದ ಮಿನಾಂಗ್‌ಕಬಾವು ಜನರಲ್ಲಿ ಇದೇ ಬಗೆಯ ತಡೆ ಇನ್ನೊಂದು ರೂಪದಲ್ಲಿದೆ: ತಲೆತಲಾಂತರದ ಕುಲಭೂಮಿಯು ತಾಯಿಯಿಂದ ಹೆಣ್ಣುಮಕ್ಕಳಿಗೆ ಸಾಗುವುದೇ ಹೊರತು ಒಬ್ಬರ ಇಷ್ಟದಂತೆ ವಿಕ್ರಯವಾಗುವುದಿಲ್ಲ.

ಬಾಲಿಯ ಗದ್ದೆಗೆ ನೀರಿನ ಪದರ ಬೇರೆಯೇ ಇದೆ. ‘ಸುಬಾಕ್’ ಎಂದರೆ ಒಂದು ಕಾಲುವೆಯ ನೀರುಣ್ಣುವ ರೈತರ ಸಂಘ. ‘ಪೆಕಾಸೆಹ್’ ಎಂಬ ಮುಖಂಡನ ನೇತೃತ್ವದಲ್ಲಿ ನಾಟಿಯ ದಿನ, ನೀರಿನ ಸರದಿ, ಕಾಲುವೆಯ ಹೂಳೆತ್ತುವ ಪಾಳಿ ಅಲ್ಲಿ ತೀರ್ಮಾನವಾಗುತ್ತವೆ, ಮೇಲಿನ ಮತ್ತು ಕೆಳಗಿನ ಸುಬಾಕ್‌ಗಳ ನಡುವಿನ ಹೊಂದಾಣಿಕೆಯು ಜಲದೇವಾಲಯಗಳ ಮೂಲಕ ನಡೆಯುತ್ತದೆ. 1970ರ ದಶಕದಲ್ಲಿ ಹಸಿರು ಕ್ರಾಂತಿಯ ಹೆಸರಿನಲ್ಲಿ ಬಿಡುವಿಲ್ಲದೆ ಭತ್ತ ಬೆಳೆಯಿರೆಂದು ಒತ್ತಾಯಿಸಿದಾಗ ನೀರಿನ ಅಭಾವವೂ ಕೀಟಬಾಧೆಯೂ ಒಟ್ಟಿಗೆ ತಲೆದೋರಿದವು. ಒಂದೇ ಕಾಲಕ್ಕೆ ನಾಟಿ ಮಾಡಿ, ಒಂದೇ ಕಾಲಕ್ಕೆ ಗದ್ದೆಯನ್ನು ಖಾಲಿ ಬಿಡುವ ಹಳೆಯ ಪದ್ಧತಿಯಿಂದ ಕೀಟಗಳಿಗೆ ಆಹಾರ ತಪ್ಪುತ್ತಿತ್ತೆಂಬುದನ್ನು ಮಾನವಶಾಸ್ತ್ರಜ್ಞ ಸ್ಟೀಫನ್ ಲ್ಯಾನ್ಸಿಂಗ್ ವಿವರವಾಗಿ ತೋರಿಸಿದರು. 2012ರಲ್ಲಿ ಯುನೆಸ್ಕೊ ಜತಿಲುವಿಹ್‌ನ ಮೆಟ್ಟಿಲುಗದ್ದೆಗಳೂ ಸೇರಿದಂತೆ ಸುಬಾಕ್ ಭೂದೃಶ್ಯವನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಇಂಥ ವ್ಯವಸ್ಥೆಯಲ್ಲಿ ಒಂದು ಗದ್ದೆ ಮನೆಯಾದರೆ ನಷ್ಟ ಆ ಗದ್ದೆಯೊಂದರದಲ್ಲ: ಕಾಲುವೆಯ ದಾರಿ ಮುರಿಯುತ್ತದೆ, ಹೂಳೆತ್ತುವ ಕೈಗಳು ಕಡಿಮೆಯಾಗುತ್ತವೆ, ಕೆಳಗಿನವರ ಬೇಸಾಯ ದುಬಾರಿಯಾಗಿ ಅವರೂ ಮಾರಲು ಮುಂದಾಗುತ್ತಾರೆ.

ಹೊರಗಿನವರ ಹಣ

ಬಾಲಿಯಲ್ಲಿ ನೆಲದ ಬೆಲೆಯನ್ನು ‘ಆರೆ’ಯ ಲೆಕ್ಕದಲ್ಲಿ ಹೇಳುತ್ತಾರೆ, ಒಂದು ಆರೆ ನೂರು ಚದರ ಮೀಟರ್ ಆದ್ದರಿಂದ ಕರ್ನಾಟಕದ ಒಂದು ಗುಂಟೆಗೆ ಹೆಚ್ಚುಕಡಿಮೆ ಸಮ. ವಿದೇಶಿಯರಿಗೆ ಪೂರ್ಣ ಒಡೆತನ ಸಿಗದಿರುವುದರಿಂದ ಅವರಲ್ಲಿ ಹೆಚ್ಚಿನವರು 25, 30 ವರ್ಷಗಳ ಗುತ್ತಿಗೆಯ ಹಣವನ್ನು ಒಮ್ಮೆಗೇ ಕೊಟ್ಟು ಮನೆ ಕಟ್ಟುತ್ತಾರೆ. ವಾಸದ ಪರವಾನಗಿಯುಳ್ಳವರಿಗೆ 30 ವರ್ಷಗಳ, ಮುಂದೆ 20 ಮತ್ತು 30 ವರ್ಷ ಮುಂದುವರಿಸಬಹುದಾದ ಬಳಕೆಯ ಹಕ್ಕೂ ಇದೆ, ಆದರೆ ಅದಕ್ಕೆ ಕನಿಷ್ಠ ಬೆಲೆಯ ಷರತ್ತುಗಳಿವೆ. ಸ್ಥಳೀಯರೊಬ್ಬರ ಹೆಸರಿನಲ್ಲಿ ಬೇನಾಮಿಯಾಗಿ ಕೊಳ್ಳುವ ಮೂರನೆಯ ದಾರಿ ಅಪಾಯದ್ದು: 1960ರ ಕಾಯ್ದೆಯ 26ನೇ ಪರಿಚ್ಛೇದದ ಪ್ರಕಾರ ವಿದೇಶಿಯರಿಗೆ ನೇರವಾಗಿ ಅಥವಾ ಪರೋಕ್ಷವಾಗಿ ಒಡೆತನ ದಾಟಿಸುವ ವ್ಯವಹಾರ ಅಸಿಂಧು, ನೆಲ ಸರ್ಕಾರಕ್ಕೆ ಸೇರುತ್ತದೆ, ಕೊಟ್ಟ ಹಣವನ್ನು ಮರಳಿ ಕೇಳುವಂತಿಲ್ಲ.

ಕಾನೂನು ವಿದೇಶಿಯರನ್ನಷ್ಟೇ ತಡೆಯುವುದಿಲ್ಲ. ಕೃಷಿಭೂಮಿಯ ಒಡೆಯನು ಆ ನೆಲವಿರುವ ಉಪಜಿಲ್ಲೆಯಲ್ಲೇ ವಾಸಿಸಬೇಕೆಂದು 1961ರ ನಿಯಮವು ಸಾಮಾನ್ಯವಾಗಿ ವಿಧಿಸುತ್ತದೆ. 2009ರ ಇನ್ನೊಂದು ಕಾಯ್ದೆಯು ಆಹಾರ ಬೆಳೆಯ ಭೂಮಿಯನ್ನು ಗುರುತಿಸಿ ಬೇರೆ ಬಳಕೆಗೆ ಪರಿವರ್ತಿಸದಂತೆ ರಕ್ಷಿಸಲು ಬಂದಿತು. ಆದರೆ ಭತ್ತದ ಆದಾಯಕ್ಕೂ ಗುತ್ತಿಗೆಯ ಹಣಕ್ಕೂ ಇರುವ ಅಂತರವು ಅಗಾಧವಾಗಿರುವ ಕಡೆ ನಿಯಮಗಳು ಸೋರುತ್ತವೆ. ಗುತ್ತಿಗೆಗೆ ಕೊಟ್ಟ ಕುಟುಂಬಕ್ಕೆ ಒಡೆತನ ಉಳಿದಿರುತ್ತದೆ ಎಂಬುದು ನಿಜ, ಆದರೆ ಮೂವತ್ತು ವರ್ಷಗಳ ಹಣ ಒಂದೇ ತಲೆಮಾರಿನಲ್ಲಿ ಕರಗಿಹೋದರೆ ಮುಂದಿನ ತಲೆಮಾರಿಗೆ ನೆಲವೂ ಕಸುಬೂ ಎರಡೂ ಕೈಗೆಟುಕುವುದಿಲ್ಲ.

ಮಾರದೆಯೂ ನೆಲದಿಂದ ಆದಾಯ ಪಡೆಯುವ ದಾರಿಯೊಂದು ಗ್ರಾಮ ಕಾಯ್ದೆಯು ಪ್ರೋತ್ಸಾಹಿಸಿದ ಗ್ರಾಮ ಒಡೆತನದ ಉದ್ಯಮಗಳಲ್ಲಿದೆ. ಮಧ್ಯ ಜಾವಾದ ಕ್ಲಾತೆನ್ ಜಿಲ್ಲೆಯ ಪೊಂಗೊಕ್ ಹಳ್ಳಿಯು ಆ ಕಾಯ್ದೆಗೂ ಮೊದಲೇ, 2009ರಲ್ಲಿ, ಇಂಥ ಉದ್ಯಮವನ್ನು ಸ್ಥಾಪಿಸಿ, ಊರಿನ ಬುಗ್ಗೆಕೊಳವನ್ನು ನೀರೊಳಗಿನ ಛಾಯಾಚಿತ್ರಗಳಿಗೆ ಹೆಸರಾದ ಪ್ರವಾಸಿ ತಾಣವನ್ನಾಗಿಸಿತು. ನೀರು ಊರಿನದಾಗಿಯೇ ಉಳಿದು, ಲಾಭವೂ ಊರಿಗೇ ಬಂದಿತು. ಪ್ರತಿ ಹಳ್ಳಿಗೂ ಅಂಥ ಬುಗ್ಗೆ ಇರುವುದಿಲ್ಲ, ನಿಧಿಯ ದುರುಪಯೋಗದ ಪ್ರಕರಣಗಳೂ ಕಡಿಮೆಯಲ್ಲ. ಆದರೂ ಆಸ್ತಿಯ ಭವಿಷ್ಯವೆಂದರೆ ಅದರ ಮಾರುಕಟ್ಟೆ ಬೆಲೆ ಎಂಬ ಎಣಿಕೆಯೊಂದೇ ಸರಿಯಲ್ಲವೆಂದು ಈ ಉದಾಹರಣೆ ತಿಳಿಸುತ್ತದೆ. ಇಂಡೊನೇಷ್ಯಾದ ಹಳ್ಳಿಯ ನೆಲಕ್ಕೆ ಬೆಲೆ ತಂದುಕೊಟ್ಟಿರುವುದು ಅದರ ಗದ್ದೆ, ನೀರು ಮತ್ತು ಒಟ್ಟಾಗಿ ದುಡಿಯುವ ಜನ. ಈ ಮೂರನ್ನೂ ಕಳೆದುಕೊಂಡ ಮೇಲೆ ಉಳಿಯುವ ನಿವೇಶನದ ಬೆಲೆ ಪ್ರವಾಸಿಗರ ಅಭಿರುಚಿಯ ಮೇಲೆ ನಿಲ್ಲುತ್ತದೆ, ಆ ಅಭಿರುಚಿಯ ಮೇಲೆ ಹಳ್ಳಿಗೆ ಯಾವ ಹಿಡಿತವೂ ಇರುವುದಿಲ್ಲ.