ಅಂಗಳದಲ್ಲಿ ನಿಂತು ‘ಓಡಿ’ ಎಂದರೆ

ಆಫ್ರಿಕಾದ ಮಲಾವಿಯ ಹಳ್ಳಿಯಲ್ಲಿ ನನ್ನ ಮೊದಲ ಬೆಳಗು. ಇನ್ನೂ ಆರು ಗಂಟೆಯಾಗಿರಲಿಲ್ಲ, ಅಂಗಳದಲ್ಲಿ ಯಾರೋ ‘ಓಡಿ! ಓಡಿ!’ ಎಂದು ಕೂಗಿದರು. ಕೇಳಿದ್ದು ಕನ್ನಡದ ಕಿವಿ. ಹಾವೋ ಬೆಂಕಿಯೋ ಎಂದು ಬರಿಗಾಲಲ್ಲೇ ಹೊರಗೆ ಬಂದರೆ, ಪಕ್ಕದ ಮನೆಯ ಅಜ್ಜಿ ತಲೆಯ ಮೇಲೆ ನೀರಿನ ಬಕೆಟ್ ಹೊತ್ತು ನಗುತ್ತ ನಿಂತಿದ್ದರು. ಅಲ್ಲಿ ಬಾಗಿಲು ಬಡಿಯುವ ಪದ್ಧತಿ ಇಲ್ಲ. ಅಂಗಳದ ಅಂಚಿನಲ್ಲಿ ನಿಂತು ‘ಓಡಿ’ ಎನ್ನಬೇಕು, ಒಳಗಿನವರು ‘ಓಡಿನಿ’ ಎಂದ ಮೇಲೆ ಮುಂದೆ ಕಾಲಿಡಬೇಕು. ನಮ್ಮ ಕಡೆ ‘ಮನೇಲಿ ಯಾರಿದೀರಿ?’ ಎಂದು ಕೂಗಿದ ಹಾಗೆ.

ಅಜ್ಜಿ ನೀರು ತಂದದ್ದು ನನಗೆ. ಎಪ್ಪತ್ತು ದಾಟಿದವರ ಕೈಲಿ ನೀರು ಹೊರಿಸುವುದೇ ಎಂದು ನಾನು ಬೇಡ ಬೇಡ ಎಂದೆ. ಅವರ ಮುಖದ ನಗು ಇಳಿದುಹೋಯಿತು. ಸ್ವಯಂಸೇವಕನಾಗಿ ನಾನು ಮಾಡಿದ ಮೊದಲ ತಪ್ಪು ಅದು.

ವಿದೇಶಕ್ಕೆ ಸೇವೆಗೆ ಹೊರಟವರಿಗೆ ಏನು ಕೊಡಬೇಕು, ಏನು ಕಲಿಸಬೇಕು ಎಂದು ಹೇಳುವವರು ಬೇಕಾದಷ್ಟು ಜನ. ಅಲ್ಲಿಯವರಿಂದ ಪಡೆಯುವುದು ಹೇಗೆ ಎಂದು ನನಗಂತೂ ಯಾರೂ ಹೇಳಿರಲಿಲ್ಲ. ಊರಿನವರ ಋಣಕ್ಕೆ ಬೀಳದೆ ಆ ಊರಿನವರಾಗುವುದು ಸಾಧ್ಯವಿಲ್ಲ. ಈ ಲೇಖನದ ಉಳಿದದ್ದೆಲ್ಲ ಈ ಒಂದು ಮಾತಿನ ವಿವರ. ಉದಾಹರಣೆ ಮಲಾವಿಯದು, ಏಕೆಂದರೆ ನಾನು ಬಲ್ಲದ್ದು ಅದನ್ನೇ.

ಮೊದಲು, ಹೋಗುವ ದಾರಿ. ಭಾರತೀಯರಿಗೆ ಹೆಚ್ಚು ಪರಿಚಿತವಾದದ್ದು ವಿಶ್ವಸಂಸ್ಥೆಯ ಸ್ವಯಂಸೇವಕ ಕಾರ್ಯಕ್ರಮ. 1970ರಲ್ಲಿ ಸಾಮಾನ್ಯ ಸಭೆಯ ನಿರ್ಣಯದಿಂದ ಹುಟ್ಟಿದ್ದು, ಕೇಂದ್ರ ಕಚೇರಿ ಜರ್ಮನಿಯ ಬಾನ್‌ನಲ್ಲಿ. ಅರ್ಜಿಗೆ ಶುಲ್ಕವಿಲ್ಲ. ತಿಂಗಳಿಗೆ ಕೊಡುವುದು ಸಂಬಳವಲ್ಲ, ಜೀವನ ಭತ್ಯೆ. 1958ರಲ್ಲಿ ಬ್ರಿಟನ್ನಿನಲ್ಲಿ ಶುರುವಾದ ವಿಎಸ್‌ಒ ಇನ್ನೊಂದು. 1961ರ ಅಮೆರಿಕದ ಪೀಸ್ ಕೋರ್ ಅಲ್ಲಿನ ಪ್ರಜೆಗಳಿಗೆ ಮಾತ್ರ; ಆದ್ದರಿಂದ ಅಲ್ಲೇ ಹುಟ್ಟಿ ಬೆಳೆದ ಕನ್ನಡಿಗರ ಮಕ್ಕಳು ಹೋಗಬಹುದು. 1961ರಿಂದ 1976ರವರೆಗೆ ಇದೇ ಪೀಸ್ ಕೋರ್‌ನವರು ಭಾರತಕ್ಕೂ ಬರುತ್ತಿದ್ದರು. ಮುಂದೆ ಅಮೆರಿಕದ ಅಧ್ಯಕ್ಷರಾದ ಜಿಮ್ಮಿ ಕಾರ್ಟರ್ ಅವರ ತಾಯಿ ಲಿಲಿಯನ್ ಕಾರ್ಟರ್ ತಮ್ಮ 68ನೇ ವಯಸ್ಸಿನಲ್ಲಿ ಮುಂಬಯಿಯ ವಿಕ್ರೋಲಿಗೆ ದಾದಿಯಾಗಿ ಬಂದಿದ್ದರು. ಹೊಸ ಊರಿಗೆ ಒಗ್ಗಿಕೊಳ್ಳಲು ವಯಸ್ಸಾಯಿತು ಎನ್ನುವವರು ಇದನ್ನು ನೆನಪಿಡಬಹುದು.

ಪೀಸ್ ಕೋರ್‌ನ ಅವಧಿ 27 ತಿಂಗಳು. ಅದರಲ್ಲಿ ಮೊದಲ ಮೂರು ತಿಂಗಳು ತರಬೇತಿ, ಸಾಮಾನ್ಯವಾಗಿ ಸ್ಥಳೀಯ ಕುಟುಂಬವೊಂದರ ಮನೆಯಲ್ಲೇ ಇದ್ದು ಭಾಷೆ ಕಲಿಯುತ್ತ. ನೀವು ಯಾವ ಸಂಸ್ಥೆಯ ಮೂಲಕ ಹೋದರೂ ಈ ಪದ್ಧತಿಯನ್ನು ಎರವಲು ಪಡೆಯಿರಿ. ಎರಡೇ ವಾರವಾದರೂ ಸರಿ, ಒಂದು ಮನೆಯಲ್ಲಿ ಇರಿಸಿ ಎಂದು ಕೇಳಿ. ಅತಿಥಿಗೃಹದಲ್ಲಿ ಇಳಿದವರಿಗೆ ಆರು ತಿಂಗಳಾದರೂ ಗೊತ್ತಾಗದ ಸಂಗತಿಗಳು ಅಡುಗೆಮನೆಯ ಹೊಸ್ತಿಲಲ್ಲಿ ಕೂತವರಿಗೆ ನಾಲ್ಕು ದಿನದಲ್ಲಿ ಗೊತ್ತಾಗುತ್ತವೆ.

ಹೊರಡುವ ಮುನ್ನ ಬರವಣಿಗೆಯಲ್ಲಿ ಕೇಳಿಕೊಳ್ಳಬೇಕಾದವು: ವಾಸದ ಮನೆ ಯಾರದು, ಆರೋಗ್ಯ ವಿಮೆ ಯಾರದು, ಕಾಯಿಲೆ ಜೋರಾದರೆ ದೊಡ್ಡ ಆಸ್ಪತ್ರೆಗೆ ಸಾಗಿಸುವ ಖರ್ಚು ಯಾರದು, ಕೆಲಸದ ಪರವಾನಗಿ ಮತ್ತು ಹಿಂದಿರುಗುವ ಟಿಕೆಟ್ ಯಾರದು, ಅಲ್ಲಿ ನಿಮ್ಮ ಜೊತೆಗಾರರಾಗಿ ಕೆಲಸ ಮಾಡುವ ಸ್ಥಳೀಯರು ಯಾರು. ಕೊನೆಯ ಪ್ರಶ್ನೆಗೆ ಉತ್ತರ ಬರದಿದ್ದರೆ ಹೋಗಬೇಡಿ. ನೀವೇ ದುಡ್ಡು ಕಟ್ಟಿ ಎರಡು ವಾರ ಅನಾಥಾಲಯದ ಮಕ್ಕಳನ್ನು ಆಡಿಸಿ ಬನ್ನಿ ಎನ್ನುವ ಯೋಜನೆಗಳಿಗಂತೂ ಹೋಗಲೇಬೇಡಿ. ಎಷ್ಟೋ ಕಡೆ ತಂದೆ ತಾಯಿ ಇರುವ ಮಕ್ಕಳನ್ನೇ ಪ್ರವಾಸಿಗರಿಗಾಗಿ ಅಲ್ಲಿ ತಂದಿಟ್ಟುಕೊಂಡಿರುತ್ತಾರೆ.

ಈಗ ಊರಿಗೆ ಬಂದಿರಿ ಎನ್ನೋಣ. ನನ್ನ ಹಳ್ಳಿ ಇದ್ದದ್ದು ಡೆಡ್ಜಾ ಜಿಲ್ಲೆಯ ಗುಡ್ಡಗಾಡಿನಲ್ಲಿ, ರಾಜಧಾನಿ ಲಿಲಾಂಗ್ವೆಯಿಂದ ದಕ್ಷಿಣಕ್ಕೆ. ಜೂನ್ ಜುಲೈನಲ್ಲಿ ಸ್ವೆಟರ್ ಬೇಕಾಗುವಷ್ಟು ಚಳಿ. ಆಫ್ರಿಕಾ ಎಂದರೆ ಬಿಸಿಲು ಎಂದುಕೊಂಡು ಹತ್ತಿ ಅಂಗಿಗಳನ್ನಷ್ಟೇ ತುಂಬಿಕೊಂಡು ಹೋಗಿದ್ದೆ. ಕೆಲಸ ಪ್ರೌಢಶಾಲೆಯಲ್ಲಿ ಭೌತವಿಜ್ಞಾನ ಪಾಠ. ಶಾಲೆಗೆ ಕಾಲಿಡುವ ಮುನ್ನವೇ ಹೋಗಬೇಕಾದ ಜಾಗ ಮಾತ್ರ ಬೇರೆ: ‘ಮ್ಫುಮು’, ಅಂದರೆ ಊರಿನ ಮುಖಂಡರ ಮನೆ. ಸರ್ಕಾರದ ಆದೇಶ ಪತ್ರ ನಿಮ್ಮ ಜೇಬಿನಲ್ಲಿರಬಹುದು, ಆದರೆ ಮ್ಫುಮು ನೋಡದ ಮನುಷ್ಯ ಊರಿನ ಲೆಕ್ಕಕ್ಕೆ ಬಂದೇ ಇಲ್ಲ. ಒಬ್ಬರೇ ಹೋಗಬಾರದು, ಊರಿನವರೊಬ್ಬರು ಕರೆದುಕೊಂಡು ಹೋಗಬೇಕು. ಸಕ್ಕರೆ ಪೊಟ್ಟಣ, ಸೋಪು ತೆಗೆದುಕೊಂಡು ಹೋದರೆ ಸಾಕು. ಎರಡೂ ಕೈಯಲ್ಲಿ ಕೊಡಬೇಕು, ಅವರು ಏನಾದರೂ ಕೊಟ್ಟರೆ ಎರಡೂ ಕೈಯಲ್ಲಿ ತೆಗೆದುಕೊಳ್ಳಬೇಕು.

ಭಾಷೆಯ ವಿಷಯದಲ್ಲಿ ಕನ್ನಡಿಗರಿಗೆ ಒಂದು ಅನುಕೂಲವಿದೆ. ಅಲ್ಲಿನ ಭಾಷೆಯಾದ ಚಿಚೇವಾದಲ್ಲಿ ‘ಇವೆ’ ಎಂದರೆ ನೀನು, ‘ಇನು’ ಎಂದರೆ ನೀವು. ಯಾರಿಗೆ ಯಾವುದು ಎನ್ನುವ ಅಂದಾಜು ನಮಗೆ ಹುಟ್ಟಿನಿಂದಲೇ ಬಂದದ್ದು. ‘ಅಬಾಂಬೊ’, ‘ಅಮಾಯಿ’, ‘ಅಚಿಮ್ವೆನೆ’, ‘ಅಗೋಗೊ’ ಅಂದರೆ ಅಪ್ಪ, ಅಮ್ಮ, ಅಣ್ಣ, ಅಜ್ಜ-ಅಜ್ಜಿ. ಸಂಬಂಧವಿಲ್ಲದವರನ್ನೂ ಹಾಗೇ ಕರೆಯುತ್ತಾರೆ, ಹೆಸರು ಹಿಡಿದು ಕರೆಯುವುದು ಕಡಿಮೆ. ಚೇವಾ ಜನರದು ತಾಯಿಯ ಕಡೆಯಿಂದ ವಂಶ ಲೆಕ್ಕ ಹಾಕುವ ಪದ್ಧತಿ. ಮನೆತನದ ವಿಷಯದಲ್ಲಿ ಸೋದರಮಾವನ ಮಾತು ದೊಡ್ಡದು. ಮದುವೆಯಾದ ಗಂಡ ಹೆಂಡತಿಯ ಊರಿಗೆ ಬಂದು ಇರುವುದೂ ಉಂಟು. ತುಳುನಾಡಿನ ಅಳಿಯಸಂತಾನ ಗೊತ್ತಿರುವವರಿಗೆ ಇದನ್ನು ವಿವರಿಸಬೇಕಾಗಿಯೇ ಇಲ್ಲ. ನನ್ನ ಜೊತೆಗಿದ್ದ ಯುರೋಪಿನ ಗೆಳೆಯನಿಗೆ ಮಾತ್ರ ಒಂದು ಸಂಜೆಯೆಲ್ಲ ಬೇಕಾಯಿತು.

ವಂದನೆಯಲ್ಲಿ ಎಡವಬೇಡಿ. ಬೆಳಗ್ಗೆ ‘ಮ್ವಾಡ್ಜುಕಾ ಬ್ವಾಂಜಿ?’ (ಹೇಗೆ ಎದ್ದಿರಿ?), ಮಧ್ಯಾಹ್ನದ ಮೇಲೆ ‘ಮ್ವಾಸ್ವೇರಾ ಬ್ವಾಂಜಿ?’ (ದಿನ ಹೇಗೆ ಕಳೆಯಿತು?). ಉತ್ತರ ಹೇಳಿದವರು ತಿರುಗಿ ‘ಕಾಯಾ ಇನು?’, ಅಂದರೆ ‘ಮತ್ತೆ ನೀವು?’ ಎಂದು ಕೇಳುತ್ತಾರೆ. ನಿಮ್ಮ ಉತ್ತರವನ್ನೂ ಕೇಳಿಸಿಕೊಂಡ ಮೇಲಷ್ಟೇ ವಿಷಯಕ್ಕೆ ಬರಬೇಕು. ಅಂಗಡಿಯಲ್ಲಿ ಬೆಂಕಿಪೊಟ್ಟಣ ಕೊಳ್ಳುವುದಿದ್ದರೂ ಇದೇ ಕ್ರಮ. ಮನೆಯಿಂದ ಶಾಲೆಗೆ ಹತ್ತು ನಿಮಿಷದ ದಾರಿ; ನಾನು ಅರ್ಧ ಗಂಟೆ ಮೊದಲೇ ಹೊರಡುತ್ತಿದ್ದೆ. ಆ ಹೆಚ್ಚಿನ ಇಪ್ಪತ್ತು ನಿಮಿಷ ಪೋಲಾದದ್ದಲ್ಲ, ಊರಿನ ಸುದ್ದಿಯೆಲ್ಲ ಸಿಗುತ್ತಿದ್ದದ್ದು ಆಗಲೇ. ಐದರವರೆಗೆ ಮಾತ್ರ ಚಿಚೇವಾದಲ್ಲಿ ಎಣಿಸಲು ಕಲಿತರೆ ಸಂತೆಗೆ ಸಾಕು, ಮುಂದಿನ ಸಂಖ್ಯೆಗಳನ್ನು ಅವರೇ ಹೆಚ್ಚಾಗಿ ಇಂಗ್ಲಿಷಿನಲ್ಲಿ ಹೇಳುತ್ತಾರೆ.

ಭಾರತೀಯರಿಗೆಂದೇ ಒಂದು ಮಾತು. ನೀವು ಬರುವ ಮೊದಲೇ ನಿಮ್ಮ ಬಗ್ಗೆ ಊರಿಗೆ ಒಂದು ಅಭಿಪ್ರಾಯ ಇರುತ್ತದೆ. ಬಿಳಿಯರು ‘ಅಝುಂಗು’, ನಾವು ‘ಅಮ್ವೆನ್ಯೆ’. ಅಮ್ವೆನ್ಯೆ ಎಂದರೆ ಅಂಗಡಿಯವರು ಎಂಬುದು ಊರಿನ ಎಣಿಕೆ. ಗುಜರಾತಿ ಮೂಲದ ವ್ಯಾಪಾರಿಗಳು ಅಲ್ಲಿಗೆ ಬಂದು ನೂರು ವರ್ಷದ ಮೇಲಾಯಿತು. ಹೇಸ್ಟಿಂಗ್ಸ್ ಬಾಂಡಾ ಅಧ್ಯಕ್ಷರಾಗಿದ್ದಾಗ, 1970ರ ದಶಕದಲ್ಲಿ, ಈ ವ್ಯಾಪಾರಿಗಳು ಹಳ್ಳಿಗಳಲ್ಲಿ ವ್ಯಾಪಾರ ಮಾಡಬಾರದೆಂದು ಅವರನ್ನು ನಗರಗಳಿಗೆ ಕಳಿಸಲಾಯಿತು. ಆ ನೆನಪು ಹಿರಿಯರಲ್ಲಿ ಇನ್ನೂ ಇದೆ. ‘ನಿಮ್ಮ ಅಂಗಡಿ ಎಲ್ಲಿ?’ ಎಂದು ನನ್ನನ್ನು ಮೊದಲ ತಿಂಗಳು ಎಷ್ಟು ಜನ ಕೇಳಿದರೋ. ಬೇಸರ ಮಾಡಿಕೊಂಡು ಫಲವಿಲ್ಲ. ವಾರಾಂತ್ಯ ಬಂತೆಂದರೆ ನಗರದ ಭಾರತೀಯರ ಮನೆಗೆ ಓಡಿದರೆ ಆ ಅಭಿಪ್ರಾಯ ಗಟ್ಟಿಯಾಗುತ್ತದೆ. ಹಳ್ಳಿಯಲ್ಲೇ ಉಳಿದರೆ ತಾನಾಗಿ ಸಡಿಲವಾಗುತ್ತದೆ. ಮಳೆಗಾಲ ಮುಗಿಯುವಷ್ಟರಲ್ಲಿ ನಾನು ‘ಅಫುನ್ಝಿತ್ಸಿ’ ಆಗಿದ್ದೆ, ಅಂದರೆ ಮೇಷ್ಟ್ರು.

ಊಟದ ಚಿಂತೆ ಬೇಡ. ‘ನ್ಸೀಮಾ’ ಎಂದರೆ ಮೆಕ್ಕೆಜೋಳದ ಹಿಟ್ಟಿನ ಮುದ್ದೆ. ನಮ್ಮ ಮುದ್ದೆಕೋಲಿನಂಥದೇ ಕೋಲಿನಲ್ಲಿ ತಿರುವುತ್ತಾರೆ. ಊಟಕ್ಕೆ ಮೊದಲು ಯಾರಾದರೂ ಚೊಂಬಿನಿಂದ ಕೈಗೆ ನೀರು ಹಾಕುತ್ತಾರೆ. ಬಲಗೈಯಲ್ಲಿ ತುತ್ತು ಮುರಿದು, ಅಂಗೈಯಲ್ಲಿ ಉರುಳಿಸಿ, ಹೆಬ್ಬೆರಳಿಂದ ಗುಳಿ ಮಾಡಿ ಪಲ್ಯವನ್ನು ಎತ್ತಿಕೊಳ್ಳಬೇಕು. ಮಂಡ್ಯದವರಿಗೆ ಇದು ತವರಿನ ಊಟವೇ, ಆದರೆ ರಾಗಿಮುದ್ದೆಯ ಹಾಗೆ ನುಂಗಲು ಹೋಗಬೇಡಿ, ಅಗಿಯಿರಿ. ಸಸ್ಯಾಹಾರಿಗಳಿಗೆ ಕುಂಬಳದ ಸೊಪ್ಪನ್ನು ಶೇಂಗಾ ಪುಡಿ ಹಾಕಿ ಬೇಯಿಸಿದ ಪಲ್ಯ ಇದೆ. ಅದರ ರುಚಿ ನನ್ನ ನಾಲಿಗೆಯ ಮೇಲೆ ಇನ್ನೂ ಇದೆ. ಮಾಂಸ ತಿನ್ನದವರು ಕರೆ ಬಂದ ದಿನವೇ ಹೇಳಿಬಿಡಬೇಕು. ಅತಿಥಿಗೆಂದು ಕೋಳಿ ಕೊಯ್ದ ಮೇಲೆ ಹೇಳಿದರೆ ಅದಕ್ಕಿಂತ ದೊಡ್ಡ ಮುಜುಗರ ಇಲ್ಲ.

ಹೆಣ್ಣುಮಕ್ಕಳು ಎರಡು ಮೀಟರ್ ಉದ್ದದ ‘ಚಿತೇಂಜೆ’ ಬಟ್ಟೆಯನ್ನು ಬಂದ ವಾರವೇ ಕೊಂಡುಕೊಳ್ಳಬೇಕು. ಬಾಂಡಾ ಕಾಲದಲ್ಲಿ ಹೆಂಗಸರು ಪ್ಯಾಂಟು, ಗಿಡ್ಡ ಲಂಗ ತೊಡುವಂತಿಲ್ಲ ಎಂಬ ಕಾನೂನೇ ಇತ್ತು. 1990ರ ದಶಕದ ಆರಂಭದಲ್ಲಿ ಅದು ಹೋಯಿತು, ಹಳ್ಳಿಯ ಕಣ್ಣು ಮಾತ್ರ ಅಷ್ಟು ಬೇಗ ಬದಲಾಗಿಲ್ಲ.

ಇನ್ನು ಕೆಲಸ. ನನ್ನ ಮುಖ್ಯ ಪಾಠ ಇಲ್ಲಿಯದು. ಬಂದ ಎರಡು ತಿಂಗಳಿಗೆ, ಜನವರಿಯಲ್ಲಿ, ಹಿಂದುಳಿದ ಮಕ್ಕಳಿಗೆ ಸಂಜೆ ತರಗತಿ ಮಾಡುತ್ತೇನೆ ಎಂದು ಶಿಕ್ಷಕರ ಸಭೆಯಲ್ಲಿ ಘೋಷಿಸಿದೆ. ಎಲ್ಲರೂ ತಲೆಯಾಡಿಸಿದರು. ಮೊದಲ ಸಂಜೆ ನಾಲ್ವರು ಬಂದರು, ಎರಡನೆಯ ವಾರ ಯಾರೂ ಇಲ್ಲ. ಮಕ್ಕಳಿಗೆ ಶ್ರದ್ಧೆಯಿಲ್ಲ ಎಂದು ಮನೆಗೆ ಫೋನು ಮಾಡಿ ಗೊಣಗಿದ್ದೂ ಆಯಿತು. ಕೊನೆಗೆ ವಿಷಯ ಬಿಡಿಸಿ ಹೇಳಿದ್ದು ನೀರಿನ ಬಕೆಟ್ಟಿನ ಅದೇ ಅಜ್ಜಿ. ಮಲಾವಿಯಲ್ಲಿ ಮಳೆ ನವೆಂಬರಿನಿಂದ ಏಪ್ರಿಲ್‌ವರೆಗೆ. ಹೊಸ ಮೆಕ್ಕೆಜೋಳ ಕೈಗೆ ಬರುವುದು ಏಪ್ರಿಲ್ ಹೊತ್ತಿಗೆ. ಜನವರಿಯಿಂದ ಮಾರ್ಚ್‌ವರೆಗೆ ಎಷ್ಟೋ ಮನೆಗಳ ಕಣಜ ಖಾಲಿ. ಆಗ ದೊಡ್ಡವರ ಜೊತೆ ಮಕ್ಕಳೂ ಬೇರೆಯವರ ಹೊಲದಲ್ಲಿ ‘ಗಾನ್ಯು’ ಮಾಡುತ್ತಾರೆ, ಅಂದರೆ ಅಂದಂದಿನ ಹಿಟ್ಟಿಗಾಗಿ ಕೂಲಿ. ಹಸಿದ ಹುಡುಗನಿಗೆ ನಾನು ಓಮ್‌ನ ನಿಯಮ ಕಲಿಸಲು ಕರೆಯುತ್ತಿದ್ದೆ. ಸಹೋದ್ಯೋಗಿಗಳಿಗೆ ಇದು ಗೊತ್ತಿತ್ತು. ಅತಿಥಿಯ ಮುಖದ ಮೇಲೆ ‘ಆಗದು’ ಎನ್ನುವುದು ಅಲ್ಲಿ ಒರಟುತನ, ಅದಕ್ಕೇ ತಲೆಯಾಡಿಸಿದ್ದರು. ತರಗತಿಯನ್ನು ಮೇ ತಿಂಗಳಿಗೆ ಸಾಗಿಸಿದೆ. ಮೂವತ್ತು ಮಕ್ಕಳು ಬಂದರು.

ಅಂದಿನಿಂದ ನನ್ನ ಸಲಹೆ ಇಷ್ಟೇ: ಒಂದು ಬೇಸಾಯದ ವರ್ಷ ನೋಡುವವರೆಗೆ ಹೊಸದೇನನ್ನೂ ಆರಂಭಿಸಬೇಡಿ. ಅಷ್ಟು ಸಮಯವಿಲ್ಲದಿದ್ದರೆ ಕನಿಷ್ಠ ಮೂರು ತಿಂಗಳು ಕೊಟ್ಟ ಕೆಲಸವನ್ನಷ್ಟೇ ಮಾಡಿ. ‘ಇದು ಒಳ್ಳೆಯದಲ್ಲವೇ?’ ಎಂದು ಕೇಳಬೇಡಿ, ಹೌದು ಎಂದೇ ಉತ್ತರ ಬರುತ್ತದೆ. ‘ಇದನ್ನು ಯಾವ ತಿಂಗಳಲ್ಲಿ ಮಾಡಿದರೆ ಜನ ಬಂದಾರು?’ ಎಂದು ಕೇಳಿ.

ಸಾವಿನ ಮನೆಗೆ ತಪ್ಪದೆ ಹೋಗಿ. ‘ಮಾಲಿರೊ’ ಎಂದರೆ ಊರೆಲ್ಲ ಕೆಲಸ ನಿಲ್ಲುತ್ತದೆ. ಗಂಡಸರು ಹೊರಗೆ, ಹೆಂಗಸರು ಒಳಗೆ ಕೂರುತ್ತಾರೆ. ಮಾತನಾಡಬೇಕಿಲ್ಲ, ‘ಪೆಪಾನಿ’ (ದುಃಖವಾಯಿತು) ಎಂದು ಹೇಳಿ ಸುಮ್ಮನೆ ಕೂತರೆ ಆಯಿತು. ಯಾರು ಬಂದಿದ್ದರು, ಯಾರು ಬರಲಿಲ್ಲ ಎನ್ನುವ ಲೆಕ್ಕ ನಮ್ಮ ಹಳ್ಳಿಗಳಂತೆ ಅಲ್ಲೂ ವರ್ಷಗಟ್ಟಲೆ ಉಳಿಯುತ್ತದೆ. ಒಂದು ವರ್ಷದ ಪಾಠ ತರದ ಸಲಿಗೆ ಒಂದು ಮಧ್ಯಾಹ್ನದ ಮೌನದಿಂದ ಬಂದದ್ದನ್ನು ನಾನು ಕಂಡಿದ್ದೇನೆ.

ಸಾಲ ಕೇಳುತ್ತಾರೆ. ಖಂಡಿತ ಕೇಳುತ್ತಾರೆ. ನನ್ನ ಪದ್ಧತಿ ಹೀಗಿತ್ತು: ನಗದು ಯಾರಿಗೂ ಇಲ್ಲ, ಔಷಧ ಮತ್ತು ಶಾಲೆಯ ಶುಲ್ಕಕ್ಕೆ ತಿಂಗಳಿಗೆ ಇಷ್ಟು ಎಂದು ಗೊತ್ತುಮಾಡಿ ಮುಖ್ಯೋಪಾಧ್ಯಾಯರ ಮೂಲಕ. ಇದಕ್ಕಿಂತ ಒಳ್ಳೆಯ ದಾರಿ ಇರಬಹುದು, ನನಗೆ ಹೊಳೆಯಲಿಲ್ಲ.

ಮನಸ್ಸು ಕುಸಿಯುವ ದಿನಗಳು ಬರುತ್ತವೆ. ಅಮೆರಿಕಕ್ಕೆ ಓದಲು ಹೋಗಿ ಬಂದ ನಾರ್ವೆಯವರನ್ನು ಸ್ವೆರ್ರೆ ಲಿಸ್ಗಾರ್ಡ್ ಎಂಬ ಸಮಾಜಶಾಸ್ತ್ರಜ್ಞ ಮಾತನಾಡಿಸಿ 1955ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಆರು ತಿಂಗಳೊಳಗೆ ಇದ್ದವರೂ ಹದಿನೆಂಟು ತಿಂಗಳು ದಾಟಿದವರೂ ಚೆನ್ನಾಗಿ ಹೊಂದಿಕೊಂಡಿದ್ದರು, ನಡುವಿನವರೇ ಹೆಚ್ಚು ಒದ್ದಾಡಿದ್ದರು. ಎಲ್ಲರಿಗೂ ಹೀಗೇ ಆಗುತ್ತದೆಂದಲ್ಲ. ಮುಂದಿನ ಸಂಶೋಧನೆಗಳು ಎಲ್ಲ ಕಡೆ ಇದನ್ನು ಒಪ್ಪಿಲ್ಲ. ನನಗಂತೂ ಎಂಟನೇ ತಿಂಗಳು ಕೆಟ್ಟದ್ದಾಗಿತ್ತು. ಒಂದು ವರ್ಷಕ್ಕೆಂದು ಹೋದವರು ಸರಿಯಾಗಿ ಹಳ್ಳದಲ್ಲಿರುವಾಗಲೇ ವಿಮಾನ ಹತ್ತುತ್ತಾರೆ, ಆಮೇಲೆ ಆ ದೇಶವನ್ನೇ ಬೈಯುತ್ತಾರೆ. ಸಾಧ್ಯವಿದ್ದರೆ ಎರಡು ವರ್ಷಕ್ಕೆ ಒಪ್ಪಿಕೊಳ್ಳಿ. ನೀರಿನ ಬಕೆಟ್ಟನ್ನು ನಾನು ಬೇಡವೆನ್ನದೆ ಇಳಿಸಿಕೊಂಡು, ಬದಲಿಗೆ ಅಜ್ಜಿಯ ರೇಡಿಯೊ ರಿಪೇರಿ ಮಾಡಿಕೊಟ್ಟದ್ದು ಹತ್ತನೇ ತಿಂಗಳಲ್ಲಿ.

ಕೊನೆಗೆ ಆರೋಗ್ಯ. ಸೊಳ್ಳೆಪರದೆ ತಪ್ಪಿಸಬೇಡಿ, ಮಲೇರಿಯಾ ತಡೆಯುವ ಮಾತ್ರೆಯನ್ನು ವೈದ್ಯರು ಹೇಳಿದ ಕೊನೆಯ ದಿನದವರೆಗೂ ನುಂಗಿ. ಕೆಲವು ಮಾತ್ರೆಗಳನ್ನು ಸ್ವದೇಶಕ್ಕೆ ಮರಳಿದ ಮೇಲೂ ನಾಲ್ಕು ವಾರ ಮುಂದುವರಿಸಬೇಕು. ಮಲಾವಿ ಸರೋವರದಲ್ಲಿ ಈಜಿದವರು ಎರಡು-ಮೂರು ತಿಂಗಳ ನಂತರ ಬಿಲ್ಹಾರ್ಜಿಯಾ ಪರೀಕ್ಷೆ ಮಾಡಿಸಿಕೊಳ್ಳಬೇಕು. ಅದು ಬಸವನಹುಳುವಿನ ಮೂಲಕ ನೀರಿಗೆ ಬರುವ ರೋಗ, ಮಾತ್ರೆಯಿಂದ ಗುಣವಾಗುತ್ತದೆ. ಹಿಂದಿರುಗಿ ತಿಂಗಳುಗಳಾದ ಮೇಲೆ ಜ್ವರ ಬಂದರೂ ಎಲ್ಲರಿಗೂ ಬರುವ ವೈರಲ್ ಇರಬೇಕೆಂದು ಮಲಗಬೇಡಿ. ಆಸ್ಪತ್ರೆಗೆ ಹೋಗಿ, ‘ನಾನು ಮಲಾವಿಯಲ್ಲಿದ್ದೆ’ ಎಂಬುದನ್ನು ವೈದ್ಯರಿಗೆ ಮೊದಲ ಮಾತಾಗಿಯೇ ಹೇಳಿ.