ಹೊಲಿಗೆಯಂತ್ರದ ಬಾಬಿನ್ ಕೇಸು: ಅದರ ಕೆಲಸ, ಅದರ ಆರೈಕೆ

ಕೃಷ್ಣಾ ತುಂಗಭದ್ರಾ ನದಿಗಳ ನಡುವಣ ರಾಯಚೂರು ಸೀಮೆಯು ಹತ್ತಿಗೆ ಹೆಸರಾದುದು. ದೇವದುರ್ಗ, ಮಾನ್ವಿಗಳ ಹೊಲಗಳಲ್ಲಿ ಬಿಡಿಸಿದ ಹತ್ತಿಯು ರಾಯಚೂರು ನಗರದ ಮಾರುಕಟ್ಟೆಗೂ ಅಲ್ಲಿನ ಜಿನ್ನುಗಳಿಗೂ ಬರುತ್ತದೆ. ಹತ್ತಿಯು ನೂಲಾಗಿ, ನೂಲು ಸೀರೆ ಧೋತರಗಳಾಗಿ, ಅವು ಹಲವು ವರ್ಷ ಮೈಮೇಲೆ ಸವೆದ ಬಳಿಕ ಈ ಭಾಗದ ಮನೆಗಳಲ್ಲಿ ಕೌದಿಯಾಗುವುದು ವಾಡಿಕೆ. ಹಳೆಯ ಬಟ್ಟೆಗಳನ್ನು ಪದರಪದರವಾಗಿ ಹಾಸಿ, ಸಾಲುಸಾಲಾಗಿ ಕೈಹೊಲಿಗೆ ಹಾಕಿ ಬಿಗಿಯುವುದು ಹಿಂದಿನಿಂದ ಬಂದ ರೀತಿ. ಅದೇ ಕೌದಿಯನ್ನು ಯಂತ್ರದ ಮೇಲೆ ಹೊಲಿಯುವವರೂ ಉಂಟು.

ಯಂತ್ರದ ಮೇಲೆ ಕೌದಿ ಹೊಲಿಯುವವರಿಗೆ ಒಂದು ಕಷ್ಟವು ಚೆನ್ನಾಗಿ ಪರಿಚಿತ. ಒಂದು ಸಾಲು ನೇರವಾಗಿ ಬಂದಿತೆಂದು ಸಮಾಧಾನಪಟ್ಟು ಬಟ್ಟೆಯನ್ನು ಮಗುಚಿ ನೋಡಿದರೆ, ಅಡಿಯ ಹೊಲಿಗೆ ಒಂದೆಡೆ ಸಡಿಲ, ಇನ್ನೊಂದೆಡೆ ಬಿಗಿ, ಮತ್ತೊಂದೆಡೆ ಗಂಟು! ಬಿಚ್ಚಿ ಮತ್ತೆ ಹೊಲಿಯದೆ ಗತ್ಯಂತರವಿಲ್ಲ. ಆದರೆ ಸವೆದ ಸೀರೆಯು ಎರಡನೆಯ ಸಲ ಸೂಜಿಯನ್ನು ತಾಳಲಾರದೆ ಹರಿಯುವುದುಂಟು. ಕೂಲಿಗೆ ಹೊಲಿಯುವವರಿಗಂತೂ ಹೊಲಿದುದಕ್ಕೆ ಕೂಲಿಯುಂಟೇ ಹೊರತು ಬಿಚ್ಚಿದುದಕ್ಕೆ ಇಲ್ಲ. ಯಂತ್ರ ಕೆಟ್ಟಿತೆಂದು ಅದನ್ನು ಹೊತ್ತು ದುರಸ್ತಿಗೆ ಪಟ್ಟಣಕ್ಕೆ ಹೋದರೆ ಆ ದಿನದ ಸಂಪಾದನೆಯೂ ಹೋಯಿತು. ಇಷ್ಟೆಲ್ಲಕ್ಕೂ ಕಾರಣವು ಅನೇಕ ವೇಳೆ ಚಿಟಿಕೆಯಷ್ಟು ಹತ್ತಿಯ ತುಪ್ಪುಳು ಮಾತ್ರವೆಂದರೆ ವಾಚಕರಿಗೆ ಆಶ್ಚರ್ಯವಾಗಬಹುದು.

ಇದು ಹೇಗೆಂದು ತಿಳಿಯಬೇಕಾದರೆ ಯಂತ್ರವು ಹೊಲಿಯುವ ಬಗೆಯನ್ನು ನಾವು ಮೊದಲು ಅರಿಯಬೇಕು. ಕೈಹೊಲಿಗೆಯಲ್ಲಿ ದಾರ ಒಂದೇ. ಸೂಜಿಯ ಹಿಂದೆ ಅದು ಬಟ್ಟೆಯೊಳಗೆ ಮುಳುಗುತ್ತ ಏಳುತ್ತ ಸಾಗುತ್ತದೆ. ಯಂತ್ರದ ಹೊಲಿಗೆಯಲ್ಲಾದರೋ ದಾರಗಳು ಎರಡು. ಮೇಲಿನ ದಾರವು ಉಂಡೆಯಿಂದ ಸೂಜಿಯ ಕಣ್ಣಿಗೆ ಬರುತ್ತದೆ. ಕೆಳಗಿನ ದಾರವು ಬಾಬಿನ್ ಎಂಬ ಪುಟ್ಟ ಸುರುಳಿಯಲ್ಲಿದ್ದು, ಆ ಬಾಬಿನ್ನನ್ನು ಒಳಗಿಟ್ಟುಕೊಂಡ ಲೋಹದ ಡಬ್ಬಿಯೇ ಬಾಬಿನ್ ಕೇಸು. ಸೂಜಿಯು ಬಟ್ಟೆಯನ್ನು ಚುಚ್ಚಿ ಕೆಳಗಿಳಿದು ತುಸು ಮೇಲೇಳುವಾಗ ದಾರವು ಪಕ್ಕಕ್ಕೆ ಉಬ್ಬಿ ಒಂದು ಕುಣಿಕೆಯಾಗುತ್ತದೆ. ಆ ಕ್ಷಣದಲ್ಲಿಯೇ ಶಟಲಿನ ಕೊಕ್ಕೆಯು ಬಂದು ಕುಣಿಕೆಯನ್ನು ಹಿಡಿದು, ಇಡೀ ಬಾಬಿನ್ ಕೇಸಿನ ಸುತ್ತ ದಾಟಿಸಿಬಿಡುತ್ತದೆ. ಹೀಗೆ ಕೆಳಗಿನ ದಾರವು ಮೇಲಿನ ದಾರದ ಕುಣಿಕೆಯೊಳಗೆ ಸಿಕ್ಕಿಕೊಳ್ಳುತ್ತದೆ. ಮಗ್ಗದ ಲಾಳಿಯು ಕಂಡಿಕೆಯನ್ನು ಹೊತ್ತು ಹಾಸಿನ ನಡುವೆ ತೂರಿಹೋಗುವುದನ್ನು ಕಂಡವರಿಗೆ ಇದು ಸುಲಭವಾಗಿ ಅರ್ಥವಾದೀತು. ಲಾಳಿಗೂ ಶಟಲಿಗೂ ಇಂಗ್ಲಿಷಿನಲ್ಲಿ ಹೆಸರು ಒಂದೇ. ಅಮೆರಿಕದ ಇಲಿಯಾಸ್ ಹೋವ್ ಎಂಬಾತನು 1846ರಲ್ಲಿ ಸನ್ನದು ಪಡೆದ ಯಂತ್ರದಲ್ಲಿಯೂ, 1851ರಲ್ಲಿ ಐಸಾಕ್ ಸಿಂಗರನು ಸನ್ನದು ಪಡೆದ ಯಂತ್ರದಲ್ಲಿಯೂ ಶಟಲು ಲಾಳಿಯಂತೆಯೇ ಹಿಂದಕ್ಕೂ ಮುಂದಕ್ಕೂ ಓಡುತ್ತಿತ್ತು.

ಒಳ್ಳೆಯ ಹೊಲಿಗೆಯಲ್ಲಿ ಎರಡು ದಾರಗಳೂ ಬಟ್ಟೆಯ ಪದರಗಳ ನಡುವೆ ಹೆಣೆದುಕೊಳ್ಳಬೇಕು. ಹಗ್ಗಜಗ್ಗಾಟದಲ್ಲಿ ಎರಡೂ ಪಕ್ಷಗಳು ಸಮಬಲವಾಗಿದ್ದರೆ ಗಂಟು ನಡುವೆಯೇ ನಿಲ್ಲುವುದಷ್ಟೆ? ಇಲ್ಲಿಯೂ ಹಾಗೆಯೇ. ಕೆಳಗಿನ ದಾರಕ್ಕೆ ಬಿಗಿತವನ್ನು ಕೊಡುವುದು ಬಾಬಿನ್ ಕೇಸಿನ ಹೊರಮೈಗೆ ಅಂಟಿಕೊಂಡಿರುವ ತೆಳುವಾದ ಉಕ್ಕಿನ ಪಟ್ಟಿ, ಅಂದರೆ ಸ್ಪ್ರಿಂಗು. ದಾರವು ಅದರ ಅಡಿಯಲ್ಲಿ ನುಸುಳಿ ಬರುತ್ತದೆ. ಆ ಪಟ್ಟಿಯ ಕೆಳಗೆ ತುಪ್ಪುಳು ಸೇರಿದರೆ ಪಟ್ಟಿಯು ಕೂದಲೆಳೆಯಷ್ಟು ಮೇಲೇಳುತ್ತದೆ. ದಾರ ಸಡಿಲವಾಗಿ ಹರಿಯುತ್ತದೆ. ಅಡಿಯ ದಾರದ ಚುಕ್ಕೆಗಳು ಬಟ್ಟೆಯ ಮೇಲ್ಭಾಗದಲ್ಲಿ ಕಾಣಿಸಿಕೊಳ್ಳುತ್ತವೆ. ತುಪ್ಪುಳು ಡಬ್ಬಿಯ ಒಳಗೆ ಸೇರಿದರೆ ಬಾಬಿನ್ನು ತಡೆತಡೆದು ತಿರುಗುತ್ತದೆ. ಆಗ ಹೊಲಿಗೆ ಒಮ್ಮೆ ಬಿಗಿ, ಒಮ್ಮೆ ಸಡಿಲ. ಶಟಲು ಓಡಾಡುವ ದಾರಿಯಲ್ಲಿ ಸೇರಿದರಂತೂ ಯಂತ್ರವು ಗದ್ದಲ ಮಾಡಿ, ಕುಣಿಕೆಯನ್ನು ತಪ್ಪಿಸಿ, ಕಡೆಗೆ ಹಿಡಿದು ನಿಂತುಬಿಡುತ್ತದೆ.

ಈ ತುಪ್ಪುಳು ಎಲ್ಲಿಂದ ಬರುತ್ತದೆ? ಒಂದು ಲೆಕ್ಕ ಹಾಕಿ ನೋಡೋಣ. 2 ಮೀಟರ್ ಉದ್ದ, ಒಂದೂವರೆ ಮೀಟರ್ ಅಗಲದ ಕೌದಿಯಲ್ಲಿ 2 ಸೆಂಟಿಮೀಟರಿಗೊಂದರಂತೆ ಸಾಲು ಹಾಕಿದರೆ 75 ಸಾಲುಗಳು. ಒಟ್ಟು ಉದ್ದ 150 ಮೀಟರು. ಒಂದು ಹೊಲಿಗೆಗೆ ಎರಡೂವರೆ ಮಿಲಿಮೀಟರಿನಂತೆ 60,000 ಹೊಲಿಗೆಗಳು! ಅಷ್ಟು ಸಲವೂ ಸೂಜಿಯು ಹಳೆಯ ಬಟ್ಟೆಯನ್ನು ಚುಚ್ಚಿ ಎಳೆಗಳನ್ನು ಉದುರಿಸುತ್ತದೆ. ಅಲ್ಲದೆ, ಕುಣಿಕೆಯು ಬಾಬಿನ್ ಕೇಸನ್ನು ಸುತ್ತಬೇಕಾದರೆ ಹಲವು ಸೆಂಟಿಮೀಟರ್ ದಾರ ಬೇಕು; ಆದರೆ ಹೊಲಿಗೆಯಲ್ಲಿ ಉಳಿಯುವುದು ಕೆಲವೇ ಮಿಲಿಮೀಟರು. ಮಿಕ್ಕ ದಾರ ಹಿಂದಕ್ಕೆ ಸರಿಯುತ್ತದೆ. ಹೀಗಾಗಿ ಬಟ್ಟೆಯಲ್ಲಿ ನೆಲೆಸುವ ಮೊದಲು ದಾರದ ಪ್ರತಿಯೊಂದು ಭಾಗವೂ ಸೂಜಿಯ ಕಣ್ಣಿನಲ್ಲಿ ಹತ್ತಾರು ಬಾರಿ ಹೋಗಿಬಂದು ತೇಯುತ್ತದೆ.

ಹತ್ತಿಯ ಎಳೆಯ ಗುಣವೂ ಇದಕ್ಕೆ ಸೇರಿಕೊಳ್ಳುತ್ತದೆ. ಹತ್ತಿಕಾಳಿನ ಸಿಪ್ಪೆಯ ಮೇಲೆ ಬೆಳೆದ ಒಂದೇ ಜೀವಕೋಶವು ನೀಳವಾಗಿ ಒಂದು ಎಳೆಯಾಗಿರುತ್ತದೆ. ಕಾಯಿ ಒಡೆದು ಒಣಗಿದಾಗ ಅದು ಚಪ್ಪಟೆಯಾಗಿ, ರಿಬ್ಬನ್ನಿನಂತೆ ತಿರುಚಿಕೊಳ್ಳುತ್ತದೆ. ಈ ತಿರುಚುಗಳಿಂದಲೇ ಎಳೆಗಳು ಒಂದನ್ನೊಂದು ಹಿಡಿದುಕೊಂಡು ನೂಲಾಗಲು ಸಾಧ್ಯ. ಆದರೆ ನೂಲಿನಲ್ಲಿ ಉಪಕಾರಿಯಾದ ಗುಣವೇ ಶಟಲಿನ ದಾರಿಯಲ್ಲಿ ಅಪಕಾರಿ. ಉದುರಿದ ಎಳೆಗಳು ಒಂದಕ್ಕೊಂದು ತೊಡರಿ, ಎಣ್ಣೆಯನ್ನು ಹೀರಿ, ನಮ್ಮ ಕಪ್ಪುನೆಲದ ಧೂಳನ್ನೂ ಕೂಡಿಸಿಕೊಂಡು ಕಂಬಳಿಯಂತೆ ಗಟ್ಟಿಯಾಗುತ್ತವೆ. ಹತ್ತಿಯು ತೇವವನ್ನೂ ಹಿಡಿದಿಡುವುದರಿಂದ ಉಕ್ಕಿಗೆ ತುಕ್ಕು ಹಿಡಿಯುವ ಭಯವುಂಟು.

ಇನ್ನು ಶುಚಿಮಾಡುವ ಕ್ರಮ. ಮನೆಗಳಲ್ಲಿ ಸಾಮಾನ್ಯವಾಗಿರುವ ಯಂತ್ರವನ್ನೇ ಗಮನದಲ್ಲಿಟ್ಟುಕೊಂಡು ಹೇಳುತ್ತೇವೆ. ವಿದ್ಯುತ್ತಿನಿಂದ ನಡೆಯುವುದಾದರೆ ಮೊದಲು ಪ್ಲಗ್ಗನ್ನು ತೆಗೆಯಬೇಕು. ಕಾಲಿನಿಂದ ತುಳಿಯುವುದಾದರೆ ಪಾದವನ್ನು ಹಲಗೆಯಿಂದ ತೆಗೆದಿಡಬೇಕು. ಚಕ್ರವನ್ನು ಕೈಯಿಂದ ತಿರುಗಿಸಿ ಸೂಜಿಯನ್ನು ಪೂರ್ಣ ಮೇಲಕ್ಕೆ ತರಬೇಕು. ತಟ್ಟೆಯನ್ನು ಸರಿಸಿ, ಕೇಸಿನ ಮುಖದ ಮೇಲಿರುವ ಚಿಕ್ಕ ಬಾಗಿಲಿನಂಥ ಚಿಲಕವನ್ನು ಎಳೆದು ಹಿಡಿದರೆ ಕೇಸು ಬಾಬಿನ್ನಿನ ಸಮೇತ ಹೊರಬರುತ್ತದೆ. ಚಿಲಕವನ್ನು ಬಿಟ್ಟರೆ ಬಾಬಿನ್ನು ಉದುರುತ್ತದೆ. ಬಳಿಕ ಶಟಲನ್ನು ಹಿಡಿದಿರುವ ಎರಡು ಕೊಂಡಿಗಳನ್ನು ಪಕ್ಕಕ್ಕೆ ಸರಿಸಿ ಬಳೆಯನ್ನೂ ಶಟಲನ್ನೂ ತೆಗೆಯಬಹುದು. ಅವು ಕುಳಿತಿದ್ದ ರೀತಿಯನ್ನು ನೆನಪಿಟ್ಟುಕೊಳ್ಳತಕ್ಕದ್ದು.

ಮೃದುವಾದ ಕುಂಚದಿಂದ ಡಬ್ಬಿಯ ಒಳಭಾಗ, ಶಟಲಿನ ದಾರಿ, ಬಟ್ಟೆಯನ್ನು ಮುಂದೂಡುವ ಹಲ್ಲುಗಳ ಸಂದು, ಇವೆಲ್ಲವನ್ನೂ ಗುಡಿಸಬೇಕು. ಬಾಯಿಂದ ಊದುವುದು ಎರಡು ಬಗೆಯಲ್ಲಿ ಹಾನಿಕರ: ಉಸಿರಿನ ತೇವ ಉಕ್ಕಿಗೆ ತಗಲುತ್ತದೆ, ತುಪ್ಪುಳು ಇನ್ನಷ್ಟು ಒಳಕ್ಕೆ ಹೋಗುತ್ತದೆ. ಸ್ಪ್ರಿಂಗಿನ ಅಡಿಯನ್ನು ಶುಚಿಮಾಡಲು ದಪ್ಪ ಕಾಗದದ ಮೂಲೆಯನ್ನು ದಾರ ಹಾಯುವ ದಿಕ್ಕಿನಲ್ಲಿಯೇ ಹಾಯಿಸಿದರೆ ಸಾಕು. ಸೂಜಿ, ಪಿನ್ನುಗಳನ್ನು ಅಲ್ಲಿಗೆ ತೂರಿಸಬಾರದು. ಒಂದು ಗೀರು ಬಿದ್ದರೂ ದಾರವು ಅಲ್ಲಿ ತೊಡರಿ ಹರಿಯುತ್ತಿರುತ್ತದೆ. ಶಟಲಿನ ದಾರಿಗೆ ಹೊಲಿಗೆಯಂತ್ರದ ಎಣ್ಣೆ ಒಂದೇ ತೊಟ್ಟು ಸಾಕು. ಅಡಿಗೆಯ ಎಣ್ಣೆಯು ಕ್ರಮೇಣ ಅಂಟಾಗುವುದರಿಂದ ಅದು ಸಲ್ಲದು. ಬಾಬಿನ್ನಿಗೂ ಸ್ಪ್ರಿಂಗಿಗೂ ಎಣ್ಣೆ ಬೇಡವೇ ಬೇಡ.

ಎಲ್ಲವನ್ನೂ ಮತ್ತೆ ಕೂಡಿಸುವ ಮುನ್ನ ಒಂದು ಪರೀಕ್ಷೆ. ಬಾಬಿನ್ನಿಟ್ಟ ಕೇಸನ್ನು ಅದರ ದಾರದಿಂದ ತೂಗಬಿಡಬೇಕು. ತನ್ನ ಭಾರಕ್ಕೆ ತಾನೇ ಸರ್ರನೆ ಇಳಿದರೆ ಬಿಗಿತ ಕಡಮೆ. ಕೈಯನ್ನು ಮೆಲ್ಲನೆ ಕುಲುಕಿದಾಗ ತುಸು ಇಳಿದು ನಿಂತರೆ ಸರಿ. ಕುಲುಕಿದರೂ ಕದಲದಿದ್ದರೆ ಬಿಗಿತ ಹೆಚ್ಚು. ಶುಚಿಮಾಡಿದ ಮೇಲೂ ಸರಿಯಾಗದಿದ್ದರೆ ಮಾತ್ರ ಸ್ಪ್ರಿಂಗಿನ ಬಿಗಿತದ ಸ್ಕ್ರೂವನ್ನು ಮುಟ್ಟಬೇಕು. ಅದೂ ಒಂದು ಸಲಕ್ಕೆ ಕಾಲು ಸುತ್ತಿಗಿಂತಲೂ ಕಡಮೆ. ಕಸವಿರುವಾಗಲೇ ಸ್ಕ್ರೂವನ್ನು ತಿರುಗಿಸಿದರೆ, ಕಸ ಹೋದ ದಿನ ಬಿಗಿತ ಮತ್ತೆ ತಪ್ಪುತ್ತದೆ. ಒಂದು ವಿಷಯ ನೆನಪಿರಲಿ: ಬಟ್ಟೆಯ ಅಡಿಯಲ್ಲಿ ದಾರವು ಗೊಂಚಲಾದರೆ ತಪ್ಪು ಸಾಮಾನ್ಯವಾಗಿ ಮೇಲಿನ ದಾರದ್ದು, ಅದನ್ನು ಬಿಚ್ಚಿ ಮತ್ತೆ ಪೋಣಿಸಿ ನೋಡುವುದು ಲೇಸು.

ಕಡೆಗೆ ಹರಕು ಬಟ್ಟೆಯೊಂದರ ಮೇಲೆ ನಾಲ್ಕು ಸಾಲು ಹೊಲಿದರೆ ಹೆಚ್ಚಿನ ಎಣ್ಣೆ ಅದಕ್ಕೆ ಹೋಗುತ್ತದೆ, ಕೌದಿ ಕಲೆಯಾಗುವುದಿಲ್ಲ. ಕೌದಿ ಹೊಲಿಯುವವರು ಬಾಬಿನ್ನು ಬದಲಿಸಿದಾಗಲೆಲ್ಲ ಕುಂಚವನ್ನು ಒಮ್ಮೆ ಆಡಿಸಿ, ದಿನದ ಕೆಲಸ ಮುಗಿದ ಮೇಲೆ ಶಟಲನ್ನೂ ತೆಗೆದು ಗುಡಿಸುವುದು ಒಳ್ಳೆಯದು. ಇದಕ್ಕೆ ಹಿಡಿಯುವುದು ಐದಾರು ನಿಮಿಷ. ಒಂದು ಸಾಲನ್ನು ಬಿಚ್ಚುವುದಕ್ಕೆ ಎಷ್ಟು ಹೊತ್ತು ಬೇಕೆಂಬುದನ್ನು ಬಿಚ್ಚಿದವರೇ ಬಲ್ಲರು.